ಟಾನ್ಸಿಲ್ ಶಸ್ತ್ರಚಿಕಿತ್ಸೆ: ಮಕ್ಕಳ ನೋವಿನ ಉಪಚಾರದ ಇತಿಹಾಸ

ಟಾನ್ಸಿಲ್ ತೆಗೆಸಿಕೊಂಡ ಮಗುವಿನ ಗಂಟಲು ಏಳೆಂಟು ದಿನ, ಕೆಲವೊಮ್ಮೆ ಹತ್ತು ದಿನ ನೋಯುತ್ತದೆ. ಗಂಟಲಿಗೂ ನಡುಗಿವಿಗೂ ಒಂದೇ ನರದ ಕವಲುಗಳು ಹೋಗುವುದರಿಂದ ಕಿವಿಯೂ ನೋಯುವುದುಂಟು. ಈ ಶಸ್ತ್ರಕ್ರಿಯೆ ಬಹಳ ಹಳೆಯದು. ಸುಶ್ರುತ ಸಂಹಿತೆ ಈ ರೋಗವನ್ನು ತುಂಡಿಕೇರಿ ಎಂದು ಕರೆದಿದೆ. ರೋಮಿನ ಸೆಲ್ಸಸ್ ಬೆರಳಿನಿಂದಲೇ ಗಡ್ಡೆ ಬಿಡಿಸುವ ಕ್ರಮವನ್ನು ಬರೆದಿಟ್ಟಿದ್ದಾನೆ. ಮನೆಗೆ ಮರಳಿದ ಮಗುವಿನ ನೋವಿಗೆ ವೈದ್ಯಶಾಸ್ತ್ರ ತಲೆಕೆಡಿಸಿಕೊಂಡದ್ದು ಮಾತ್ರ ತೀರ ಈಚೆಗೆ.

ಮೊದಲು ತಗ್ಗಿದ್ದು ಮೇಜಿನ ಮೇಲಿನ ನೋವು. 1846ರಲ್ಲಿ ಈಥರ್, ಮರುವರ್ಷ ಕ್ಲೋರೋಫಾರ್ಮ್ ಬಂದವು. ಕ್ಲೋರೋಫಾರ್ಮಿನ ಅಪಾಯ ಅಳೆಯುವ ಪ್ರಸಿದ್ಧ ಪ್ರಯೋಗಗಳು ನಡೆದದ್ದು ನಿಜಾಮರ ರಾಜಧಾನಿ ಹೈದರಾಬಾದಿನಲ್ಲಿ. ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿ ನಡೆಸಿದ ಹೈದರಾಬಾದ್ ಕ್ಲೋರೋಫಾರ್ಮ್ ಆಯೋಗಗಳಿಗೆ (1888, 1889) ನಿಜಾಮರೇ ಹಣ ಕೊಟ್ಟರು. ಉಸಿರಾಟದ ಮೇಲೆ ಕಣ್ಣಿಟ್ಟರೆ ಸಾಕು, ಹೃದಯಕ್ಕೆ ನೇರ ಧಕ್ಕೆಯಿಲ್ಲ ಎಂಬ ಅವುಗಳ ತೀರ್ಮಾನ 1911ರಲ್ಲಿ ಗುಡ್‌ಮನ್ ಲೆವಿಯ ಪ್ರಯೋಗಗಳ ಮುಂದೆ ನಿಲ್ಲಲಿಲ್ಲ. ಆದರೂ ಹೈದರಾಬಾದಿನ ಹೆಸರು ಉಳಿಯಿತು: ಅಲ್ಲಿ ಕೆಲಸ ಮಾಡಿದ ರೂಪಾಬಾಯಿ ಫರ್ದೂನ್‌ಜಿ ಜಗತ್ತಿನ ಮೊದಮೊದಲ ಮಹಿಳಾ ಅರಿವಳಿಕೆ ತಜ್ಞರಲ್ಲಿ ಒಬ್ಬರು.

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಗಿಲೊಟಿನ್ ಉಪಕರಣದಿಂದ ಕೆಲಸ ನಿಮಿಷಗಳಲ್ಲಿ ಮುಗಿಯುತ್ತಿತ್ತು. ಆಮೇಲಿನ ನೋವಿಗೆ ಸಿಗುತ್ತಿದ್ದ ಔಷಧಿ ಅತ್ಯಲ್ಪ. ಹಸುಳೆಗಳಿಗೆ ನೋವು ಅಷ್ಟಾಗಿ ತಿಳಿಯದೆಂಬ ನಂಬಿಕೆ 1980ರ ದಶಕದವರೆಗೂ ವೈದ್ಯರಲ್ಲೇ ಬೇರೂರಿತ್ತು. ಇಂದೋರಿನಲ್ಲಿ ಓದಿ ಆಕ್ಸ್‌ಫರ್ಡಿಗೆ ಹೋದ ಕನ್ವಲ್‌ಜೀತ್ ಆನಂದ್ 1987ರಲ್ಲಿ ಪ್ರಕಟಿಸಿದ ಸಂಶೋಧನೆಗಳು ಅದನ್ನು ಅಲುಗಾಡಿಸಿದವು.

ಔಷಧಿ ಕೊಡತೊಡಗಿದ ಮೇಲೆ ಬೇರೆಯೇ ಆಪತ್ತು ಎದುರಾಯಿತು. ಟಾನ್ಸಿಲ್ ತೆಗೆಸಿಕೊಂಡು ಕೊಡೀನ್ ಪಡೆದ ಎರಡು ವರ್ಷದ ಮಗುವೊಂದು ಸತ್ತ ಪ್ರಕರಣವನ್ನು ಕೆನಡಾದ ವೈದ್ಯರು 2009ರಲ್ಲಿ ವರದಿ ಮಾಡಿದರು. ಕೆಲವರ ದೇಹ ಕೊಡೀನನ್ನು ಅತಿವೇಗವಾಗಿ ಮಾರ್ಫಿನ್ ಆಗಿ ಮಾರ್ಪಡಿಸುತ್ತದೆ; ರಾತ್ರಿ ಗೊರಕೆಯ ನಡುವೆ ಉಸಿರುಕಟ್ಟುವ ಮಕ್ಕಳಿಗೆ ಇದು ಇನ್ನೂ ಅಪಾಯಕರ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಎಚ್ಚರಿಕೆ ಕೊಟ್ಟು, 2017ರಲ್ಲಿ ಹನ್ನೆರಡರೊಳಗಿನವರಿಗೆ ಕೊಡೀನ್ ಸಲ್ಲದೆಂದಿತು. ಭಾರತ 2011ರಲ್ಲಿ ಅದೇ ವಯಸ್ಸಿನ ಮಕ್ಕಳಿಗೆ ನಿಮೆಸುಲೈಡ್ ಎಂಬ ಇನ್ನೊಂದು ನೋವುನಿವಾರಕವನ್ನು ನಿಷೇಧಿಸಿತು.

ಈಗಿನ ಆಧಾರ ಪ್ಯಾರಸಿಟಮಾಲ್ ಮತ್ತು ಐಬುಪ್ರೊಫೆನ್. ಪ್ರಮಾಣ ಗೊತ್ತುಮಾಡುವುದು ವಯಸ್ಸಲ್ಲ, ತೂಕ. ಕಿಲೋಗೆ 15 ಮಿಲಿಗ್ರಾಂ ಪ್ಯಾರಸಿಟಮಾಲ್ ಎಂದರೆ 12 ಕಿಲೋ ತೂಗುವ ಮಗುವಿಗೆ 180 ಮಿಲಿಗ್ರಾಂ: 5 ಮಿಲಿಲೀಟರಿಗೆ 120 ಮಿಲಿಗ್ರಾಮಿನ ಸಿರಪ್ಪಾದರೆ ಏಳೂವರೆ ಮಿಲಿಲೀಟರ್, 250ರದ್ದಾದರೆ ಅದರ ಅರ್ಧಕ್ಕೂ ಕಡಿಮೆ. ಮನೆಯ ಚಮಚೆ ಇಲ್ಲಿ ನಡೆಯದು. ಮಜ್ಜಿಗೆ, ಆರಿದ ಅಂಬಲಿ, ನೀರು, ಏನನ್ನಾದರೂ ಮಗು ಕುಡಿಯುತ್ತಿರಬೇಕು. ಗಾಯದ ಬಿಳಿ ಪೊರೆ ಐದರಿಂದ ಹತ್ತನೆಯ ದಿನದೊಳಗೆ ಉದುರುವಾಗ ನೋವು ಮತ್ತೆ ಏರಬಹುದು. ಆಗ ಬಾಯಲ್ಲಿ ಕೆಂಪು ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.