ದೇಣಿಗೆಯ ಲೆಕ್ಕದಲ್ಲಿ ಪಕ್ಷಭೇದ

1957ರಲ್ಲಿ ಟಾಟಾ ಐರನ್ ಅಂಡ್ ಸ್ಟೀಲ್ ಕಂಪನಿ ಬಾಂಬೆ ಹೈಕೋರ್ಟಿನ ಮೆಟ್ಟಿಲೇರಿತು. ರಾಜಕೀಯ ಪಕ್ಷಗಳಿಗೆ ದೇಣಿಗೆ ಕೊಡಲು ಅನುವಾಗುವಂತೆ ತನ್ನ ಸ್ಥಾಪನಾ ಪತ್ರವನ್ನು ತಿದ್ದಿಕೊಳ್ಳಲು ಅನುಮತಿ ಬೇಕೆಂದು ಅದು ಕೇಳಿತ್ತು. ಷೇರುದಾರರೊಬ್ಬರು ವಿರೋಧಿಸಿದರು. ಕಾನೂನಿನಲ್ಲಿ ತಡೆ ಇರಲಿಲ್ಲವಾದ್ದರಿಂದ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅನುಮತಿ ಕೊಟ್ಟರು. ಆದರೆ ಈ ಪದ್ಧತಿ ಬೆಳೆಯುತ್ತಾ ಹೋದರೆ ಪ್ರಜಾಪ್ರಭುತ್ವದ ಕತ್ತನ್ನೇ ಹಿಸುಕೀತು, ಸಂಸತ್ತು ಇದರತ್ತ ಗಮನ ಹರಿಸಬೇಕು ಎಂದು ಅದೇ ತೀರ್ಪಿನಲ್ಲಿ ಎಚ್ಚರಿಸಿದರು. ಕಂಪನಿಗಳ ಹಣಕ್ಕೂ ನಮ್ಮ ಪಕ್ಷಗಳಿಗೂ ಇರುವ ನಂಟಿನ ಬಗ್ಗೆ ಮುಂದೆ ನಡೆದ ಚರ್ಚೆಗೆ ಈ ಎಚ್ಚರಿಕೆ ಒಂದು ಒಳ್ಳೆಯ ಆರಂಭಬಿಂದು.

ಆ ಕಾಲಕ್ಕೆ ಪಕ್ಷಗಳ ನಡುವಿನ ಭೇದ ಕಣ್ಣಿಗೆ ಕಾಣುವಂತಿತ್ತು. ಕಾಂಗ್ರೆಸ್ ಸಮಾಜವಾದಿ ಮಾದರಿಯ ಮಾತಾಡುತ್ತಿತ್ತು. ಲೈಸೆನ್ಸು, ಪರ್ಮಿಟ್ಟುಗಳ ಆಡಳಿತದ ವಿರುದ್ಧವೇ 1959ರಲ್ಲಿ ಸ್ವತಂತ್ರ ಪಕ್ಷ ಹುಟ್ಟಿತು. ಕಾಂಗ್ರೆಸ್ಸಿನ ಜೊತೆಗೆ ಸ್ವತಂತ್ರ ಪಕ್ಷಕ್ಕೂ ಹಣ ಕೊಡುತ್ತೇವೆ, ದೇಶಕ್ಕೊಂದು ಗಟ್ಟಿ ವಿರೋಧಪಕ್ಷ ಬೇಕು ಎಂದು ಜೆ.ಆರ್.ಡಿ. ಟಾಟಾ 1961ರಲ್ಲಿ ನೆಹರೂ ಅವರಿಗೇ ಪತ್ರ ಬರೆದು ತಿಳಿಸಿದರು. ಇಂದು ಯಾವ ಉದ್ಯಮಿ ಪ್ರಧಾನಿಗೆ ಹೀಗೆ ಬರೆದಾನು? 1967ರ ಚುನಾವಣೆಯಲ್ಲಿ ಸ್ವತಂತ್ರ ಪಕ್ಷ 44 ಲೋಕಸಭಾ ಸ್ಥಾನ ಗೆದ್ದಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಇಂದಿರಾ ಗಾಂಧಿ ಸರ್ಕಾರ ಕಂಪನಿ ದೇಣಿಗೆಯನ್ನೇ ನಿಷೇಧಿಸಿತು. ನಿಷೇಧ ಬೇಕೆಂದು ಭ್ರಷ್ಟಾಚಾರ ತಡೆ ಕುರಿತ ಸಂತಾನಂ ಸಮಿತಿ ಮೊದಲೇ ಹೇಳಿತ್ತು ನಿಜ. ಆದರೆ ಚುನಾವಣೆಗೆ ಬೇರೆ ಹಣದ ದಾರಿಯನ್ನು ಸರ್ಕಾರ ತೋರಿಸಲಿಲ್ಲ. ಚೆಕ್ಕಿನ ಬಾಗಿಲು ಮುಚ್ಚಿತು, ಕಪ್ಪುಹಣದ ಬಾಗಿಲು ತೆರೆಯಿತು.

ಭಾರತದ ಮಟ್ಟಿಗೆ ಈ ವಿಷಯದ ಗಂಭೀರ ಅಧ್ಯಯನ ಮೊಳೆತದ್ದು ಈ ಹೊತ್ತಿನಲ್ಲಿ. ಅಮೆರಿಕದ ವಿದ್ವಾಂಸ ಸ್ಟ್ಯಾನ್ಲಿ ಕೊಚಾನೆಕ್ 1974ರಲ್ಲಿ ಇಲ್ಲಿನ ಉದ್ಯಮ ಸಂಘಟನೆಗಳ ಬಗ್ಗೆ ದೊಡ್ಡ ಪುಸ್ತಕ ಬರೆದರು. 1987ರ ಅವರ ಲೇಖನದ ಹೆಸರಿನಲ್ಲೇ ‘ಬ್ರೀಫ್‌ಕೇಸ್ ರಾಜಕಾರಣ’ ಇತ್ತು. ನಿಷೇಧದ ವರ್ಷಗಳಲ್ಲಿ ಉದ್ಯಮಿಗಳು ನೀತಿ ಬದಲಿಸಿ ಎಂದು ಕೇಳುವುದಕ್ಕಿಂತ ಹೆಚ್ಚಾಗಿ ತಂತಮ್ಮ ಫೈಲು ಸರಿಸಿಕೊಳ್ಳಲು ಹಣ ಕೊಡುವುದನ್ನು ರೂಢಿಸಿಕೊಂಡರು. 1985ರಲ್ಲಿ ರಾಜೀವ್ ಗಾಂಧಿ ಸರ್ಕಾರ ನಿಷೇಧ ತೆಗೆದು, ಮೂರು ವರ್ಷಗಳ ಸರಾಸರಿ ಲಾಭದ ಶೇ 5ರವರೆಗೆ ದೇಣಿಗೆಗೆ ಅವಕಾಶ ಕೊಟ್ಟಿತು. ಅಷ್ಟರಲ್ಲಿ ಕೊಡುವವರಿಗೂ ತೆಗೆದುಕೊಳ್ಳುವವರಿಗೂ ಗುಟ್ಟಿನ ವ್ಯವಹಾರವೇ ಹಿತವಾಗಿಬಿಟ್ಟಿತ್ತು.

ಹೊರಗಿನ ವಿದ್ವತ್ತಿನಿಂದ ಬಂದ ಮೂರು ಹೊಳಹುಗಳನ್ನು ಇಲ್ಲಿ ನೆನೆಯಬೇಕು. ಪಕ್ಷಗಳು ಮತದಾರನ ಬೆನ್ನು ಹತ್ತಿ ನಡುದಾರಿಗೆ ಬಂದು ಸೇರುತ್ತವೆ ಎಂದು ಆಂಥನಿ ಡೌನ್ಸ್ 1957ರಲ್ಲಿ ವಾದಿಸಿದ್ದರು. ಪಕ್ಷಗಳು ಬೆನ್ನು ಹತ್ತುವುದು ಮತದಾರನನ್ನಲ್ಲ, ಬಂಡವಾಳ ಹೂಡುವವರನ್ನು ಎಂದು ಥಾಮಸ್ ಫರ್ಗುಸನ್ 1995ರಲ್ಲಿ ಅದನ್ನು ತಿರುಗಿಸಿ ಹೇಳಿದರು. ನನಗೆ ಹೆಚ್ಚು ಮುಖ್ಯವೆನಿಸುವುದು ಚಾರ್ಲ್ಸ್ ಲಿಂಡ್‌ಬ್ಲಮ್ 1977ರಲ್ಲಿ ಮುಂದಿಟ್ಟ ಮಾತು. ಉದ್ಯಮ ಒಂದು ಪೈಸೆ ದೇಣಿಗೆ ಕೊಡದಿದ್ದರೂ ಸರ್ಕಾರ ಅದರ ಮಾತು ಕೇಳುತ್ತದೆ. ಉದ್ಯೋಗ, ತೆರಿಗೆ, ಬೆಳವಣಿಗೆ ಎಲ್ಲವೂ ಅದರ ಹೂಡಿಕೆಯ ಮೇಲೆ ನಿಂತಿರುವುದರಿಂದ, ಗದ್ದುಗೆಯಲ್ಲಿ ಯಾವ ಪಕ್ಷವಿದ್ದರೂ ಇದು ತಪ್ಪುವುದಿಲ್ಲ.

ಈ ಮಾತಿಗೆ ಮಹಾರಾಷ್ಟ್ರದಲ್ಲಿ ಸಾಕ್ಷಿ ಸಿಕ್ಕಿತು. ದಾಭೋಳದ ಎನ್ರಾನ್ ವಿದ್ಯುತ್ ಯೋಜನೆಯನ್ನು ಅರಬ್ಬೀ ಸಮುದ್ರಕ್ಕೆ ಎಸೆಯುತ್ತೇವೆಂದು 1995ರಲ್ಲಿ ಪ್ರಚಾರ ಮಾಡಿದ ಶಿವಸೇನೆ–ಬಿಜೆಪಿ ಮೈತ್ರಿ ಅಧಿಕಾರಕ್ಕೆ ಬಂದು, ಆಗಸ್ಟಿನಲ್ಲಿ ಯೋಜನೆ ರದ್ದುಮಾಡಿತು. ಮರುವರ್ಷದ ಆರಂಭದಲ್ಲೇ ಹೊಸ ಷರತ್ತುಗಳೊಂದಿಗೆ, ಇನ್ನೂ ದೊಡ್ಡದಾಗಿ, ಯೋಜನೆ ಮರಳಿತು. ವಾಜಪೇಯಿ ಅವರ 13 ದಿನಗಳ ಸರ್ಕಾರ ವಿಶ್ವಾಸಮತ ಗೆಲ್ಲಲಾರದೆ ಇಳಿಯಿತಾದರೂ ಎನ್ರಾನ್‌ಗೆ ಕೇಂದ್ರದ ಪ್ರತಿಖಾತರಿ ಕೊಟ್ಟು ಇಳಿಯಿತು. ರಾಬ್ ಜೆಂಕಿನ್ಸ್ 1999ರ ತಮ್ಮ ಕೃತಿಯಲ್ಲಿ, 1991ರ ಆರ್ಥಿಕ ಸುಧಾರಣೆಯನ್ನು ಬೈದ ಪಕ್ಷಗಳೂ ಅಧಿಕಾರಕ್ಕೆ ಬಂದೊಡನೆ ಸದ್ದಿಲ್ಲದೆ ಅದನ್ನೇ ಮುಂದುವರಿಸಿದ ಬಗೆಯನ್ನು ವಿವರಿಸಿದರು.

ಇಷ್ಟಾದರೂ ಪಕ್ಷಗಳಿಗೆ ಹೋಗುವುದು ಗುಟ್ಟಿನ ಹಣ, ಕಾಣುವುದು ಹೇಗೆ? ದೇವೇಶ್ ಕಪೂರ್ ಮತ್ತು ಮಿಲನ್ ವೈಷ್ಣವ್ ಜಾಣ ದಾರಿಯೊಂದನ್ನು ಹುಡುಕಿದರು: ಸಿಮೆಂಟು. ಕಟ್ಟಡ ಕಟ್ಟುವವರು ಚುನಾವಣೆಯ ಹೊತ್ತಿಗೆ ಕೈಯಲ್ಲಿರುವ ನಗದನ್ನು ರಾಜಕಾರಣಿಗಳಿಗೆ ಒಪ್ಪಿಸಬೇಕಾದರೆ, ಆಗ ಕಾಮಗಾರಿ ಕುಂಟಬೇಕು. ರಾಜ್ಯವಾರು ಲೆಕ್ಕ ತೆಗೆದಾಗ ವಿಧಾನಸಭಾ ಚುನಾವಣೆಯ ತಿಂಗಳಲ್ಲಿ ಸಿಮೆಂಟಿನ ಬಳಕೆ ಇಳಿಯುವುದು ಕಂಡುಬಂತು. ಇತ್ತ ಕಾಗದದ ಮೇಲಿನ ಲೆಕ್ಕ ಹೊರತೆಗೆಸಲು 1999ರಲ್ಲಿ ಪ್ರಜಾಸತ್ತಾತ್ಮಕ ಸುಧಾರಣಾ ಸಂಘ, ಅಂದರೆ ಎಡಿಆರ್, ಹುಟ್ಟಿತ್ತು. ಅದರ ಸ್ಥಾಪಕರಲ್ಲೊಬ್ಬರಾದ ತ್ರಿಲೋಚನ ಶಾಸ್ತ್ರಿ ಮುಂದೆ ಬೆಂಗಳೂರಿನ ಐಐಎಂನಲ್ಲಿ ಪಾಠ ಮಾಡಿದವರು. ಅದೇ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ, ಮುಂದೆ ಕಾಂಗ್ರೆಸ್ಸಿನಿಂದ ರಾಜ್ಯಸಭೆಗೆ ಹೋದ ಎಂ.ವಿ. ರಾಜೀವ್ ಗೌಡ, ಇ. ಶ್ರೀಧರನ್ ಜೊತೆ 2012ರಲ್ಲಿ ಪಕ್ಷಗಳ ಹಣಕಾಸಿನ ಕಾನೂನುಗಳ ಬಗ್ಗೆ ಬರೆದ ಪ್ರಬಂಧ ಈಗಲೂ ಉಪಯುಕ್ತ.

ಎಡಿಆರ್ ಹೂಡಿದ ಮೊಕದ್ದಮೆಗಳಲ್ಲಿ ಒಂದನ್ನು ಹತ್ತಿರದಿಂದ ನೋಡಲೇಬೇಕು. ಪಕ್ಷಗಳು ವಿದೇಶಿ ಮೂಲದ ಹಣ ಪಡೆಯಬಾರದೆಂದು 1976ರ ವಿದೇಶಿ ದೇಣಿಗೆ ಕಾಯ್ದೆ ಹೇಳುತ್ತಿತ್ತು. ಷೇರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ವಿದೇಶಿಯರ ಕೈಯಲ್ಲಿದ್ದರೆ ಭಾರತದಲ್ಲಿ ನೋಂದಾಯಿತವಾದ ಕಂಪನಿಯೂ ಆಗ ವಿದೇಶಿ ಮೂಲವೇ ಆಗಿತ್ತು. ಲಂಡನ್ನಿನ ವೇದಾಂತ ಸಮೂಹಕ್ಕೆ ಸೇರಿದ ಕಂಪನಿಗಳಿಂದ ಕಾಂಗ್ರೆಸ್ಸೂ ಬಿಜೆಪಿಯೂ ದೇಣಿಗೆ ಪಡೆದಿದ್ದವು. ಇಬ್ಬರೂ ಕಾನೂನು ಮುರಿದಿದ್ದಾರೆ, ಆರು ತಿಂಗಳಲ್ಲಿ ಕ್ರಮ ಕೈಗೊಳ್ಳಿ ಎಂದು 2014ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಹೇಳಿತು. ಎರಡೂ ಪಕ್ಷಗಳು ಸುಪ್ರೀಂ ಕೋರ್ಟಿಗೆ ಹೋದವು. 2016ರ ಹಣಕಾಸು ಕಾಯ್ದೆ ‘ವಿದೇಶಿ ಮೂಲ’ದ ವ್ಯಾಖ್ಯೆಯನ್ನೇ ಸಡಿಲಿಸಿ, 2010ರಿಂದ ಪೂರ್ವಾನ್ವಯ ಮಾಡಿತು. ಅದೇ ವರ್ಷ ಇಬ್ಬರೂ ಮೇಲ್ಮನವಿ ಹಿಂತೆಗೆದುಕೊಂಡರು. ಆದರೆ ಮೊಕದ್ದಮೆಯಲ್ಲಿದ್ದ ದೇಣಿಗೆಗಳು 2010ಕ್ಕಿಂತ ಹಿಂದಿನವು, ಹಳೆಯ ಕಾಯ್ದೆಯ ಕಾಲದವು. ಹೀಗಾಗಿ 2018ರ ಹಣಕಾಸು ಮಸೂದೆಯಲ್ಲಿ ಇನ್ನೊಂದು ಸಾಲು ಸೇರಿತು. ಸಡಿಲಿಕೆ 1976ರ ಆಗಸ್ಟ್ 5ರಿಂದಲೇ ಜಾರಿ! ಲೋಕಸಭೆಯಲ್ಲಿ ಗದ್ದಲದ ನಡುವೆ, ಚರ್ಚೆಯೇ ಇಲ್ಲದೆ ಮಸೂದೆ ಪಾಸಾಯಿತು. ನಲವತ್ತೆರಡು ವರ್ಷ ಹಿಂದಕ್ಕೆ ಹೋಗಿ ತಪ್ಪನ್ನು ತಪ್ಪಲ್ಲವೆಂದು ಮಾಡಿದ ಈ ಸಾಲು ಆಳುವ ಪಕ್ಷವನ್ನೂ ವಿರೋಧಪಕ್ಷವನ್ನೂ ಒಟ್ಟಿಗೆ ಕಾಪಾಡಿತು. ಪಕ್ಷಗಳ ನಡುವೆ ಭೇದವಿದೆಯೇ ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ದಾಖಲೆ ನನಗೆ ಬೇರೆಲ್ಲೂ ಕಂಡಿಲ್ಲ.

ಚುನಾವಣಾ ಬಾಂಡಿನ ಕತೆ ಓದುಗರಿಗೆ ಗೊತ್ತಿರುವುದೇ. ಅಷ್ಟರಲ್ಲಿ ಲಾಭದ ಶೇ 7.5ಕ್ಕೆ ಏರಿದ್ದ ಮಿತಿಯನ್ನೂ 2017ರಲ್ಲಿ ಕಿತ್ತುಹಾಕಿ, ಕೊಟ್ಟವರ ಹೆಸರು ಮುಚ್ಚಿಡುವ ವ್ಯವಸ್ಥೆ ತಂದರು. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಎರಡನ್ನೂ ಸರ್ವಾನುಮತದಿಂದ ರದ್ದುಮಾಡಿತು. ಮಾರ್ಚಿನಲ್ಲಿ ಹೊರಬಂದ ಪಟ್ಟಿ ಸಂಶೋಧಕರಿಗೆ ಹಿಂದೆಂದೂ ಸಿಕ್ಕಿರದ ನಿಧಿ. 2019ರ ಏಪ್ರಿಲ್‌ನಿಂದ ನಗದಾದ ಬಾಂಡುಗಳಲ್ಲಿ ಹೆಚ್ಚುಕಡಿಮೆ ಅರ್ಧ, ಸುಮಾರು 6,060 ಕೋಟಿ ರೂಪಾಯಿ, ಬಿಜೆಪಿಗೆ ಹೋಗಿತ್ತು. ತೃಣಮೂಲಕ್ಕೆ ಸುಮಾರು 1,600 ಕೋಟಿ. ಬಾಂಡನ್ನೇ ರದ್ದು ಮಾಡುತ್ತೇವೆಂದು 2019ರ ಪ್ರಣಾಳಿಕೆಯಲ್ಲಿ ಬರೆದಿದ್ದ ಕಾಂಗ್ರೆಸ್ಸಿಗೆ 1,400 ಕೋಟಿಗೂ ಹೆಚ್ಚು. ಅತಿ ಹೆಚ್ಚು ಬಾಂಡು ಕೊಂಡ ಲಾಟರಿ ಕಂಪನಿ ಫ್ಯೂಚರ್ ಗೇಮಿಂಗ್‌ನ 1,368 ಕೋಟಿಯಲ್ಲಿ 500 ಕೋಟಿಗೂ ಹೆಚ್ಚು ತೃಣಮೂಲಕ್ಕೆ, ಅಷ್ಟೇ ಪ್ರಮಾಣದ ಮೊತ್ತ ಡಿಎಂಕೆಗೆ, 100 ಕೋಟಿ ಬಿಜೆಪಿಗೆ, 50 ಕೋಟಿ ಕಾಂಗ್ರೆಸ್ಸಿಗೆ. ಹೈದರಾಬಾದಿನ ಮೇಘಾ ಎಂಜಿನಿಯರಿಂಗ್‌ನ 966 ಕೋಟಿಯಲ್ಲಿ ಹೆಚ್ಚಿನ ಪಾಲು ಬಿಜೆಪಿಗೆ, 195 ಕೋಟಿ ಆಗ ತೆಲಂಗಾಣ ಆಳುತ್ತಿದ್ದ ಬಿಆರ್‌ಎಸ್‌ಗೆ. ಬಾಂಡನ್ನು ಮುಟ್ಟದೆ ಕೋರ್ಟಿಗೆ ಹೋದ ಸಿಪಿಎಂ ನಿಲುವನ್ನು ಮರೆಯಬಾರದು. ಉಳಿದಂತೆ ಹಣ ಅಧಿಕಾರ ಇದ್ದಲ್ಲಿಗೆ ಹರಿದಿದೆ, ಸಿದ್ಧಾಂತ ನೋಡಿ ಹರಿದಿಲ್ಲ.

ಹಾಗೆಂದು ‘ರಾಜ್ಯಕ್ಕೆ ರಾಮ ಬಂದರೂ ರಾಗಿ ಬೀಸೋದು ತಪ್ಪಲಿಲ್ಲ’ ಎಂದು ಕೈಚೆಲ್ಲುವುದನ್ನು ನಾನು ಒಪ್ಪುವುದಿಲ್ಲ. ಪ್ರದೀಪ್ ಛಿಬ್ಬರ್ ಮತ್ತು ರಾಹುಲ್ ವರ್ಮಾ 2018ರ ತಮ್ಮ ಪುಸ್ತಕದಲ್ಲಿ, ಸಮಾಜದೊಳಗೆ ಸರ್ಕಾರ ಎಷ್ಟು ಕೈಹಾಕಬೇಕು, ಯಾರಿಗೆ ವಿಶೇಷ ಮನ್ನಣೆ ಕೊಡಬೇಕು ಎಂಬ ವಿಷಯಗಳಲ್ಲಿ ಭಾರತದ ಪಕ್ಷಗಳೂ ಅವುಗಳ ಮತದಾರರೂ ನಿಜಕ್ಕೂ ಬೇರೆ ಬೇರೆ ಎಂದು ವಾದಿಸಿದರು. ಮಾಹಿತಿ ಹಕ್ಕು, ಉದ್ಯೋಗ ಖಾತ್ರಿ, ಅರಣ್ಯ ಹಕ್ಕು ಕಾಯ್ದೆಗಳು 2005–06ರಲ್ಲಿ ಬಂದದ್ದರ ಹಿಂದೆ ಎಡಪಕ್ಷಗಳ ಬೆಂಬಲದ ಮೇಲೆ ನಿಂತ ಸರ್ಕಾರವಿತ್ತು. ಅಲ್ಪಸಂಖ್ಯಾತನೊಬ್ಬನಿಗೆ ಯಾವ ಪಕ್ಷ ಆಳುತ್ತಿದೆ ಎಂಬುದು ದಿನನಿತ್ಯದ ನೆಮ್ಮದಿಯ ಪ್ರಶ್ನೆ. ‘ಎಲ್ಲರೂ ಒಂದೇ’ ಎನ್ನುವವರು ಸಾಮಾನ್ಯವಾಗಿ ಆ ಭೇದದ ಪೆಟ್ಟು ತಾಗದವರು. ಜನರ ನಡುವೆ ಪಕ್ಷಗಳು ಬೇರೆ. ನೆಲ, ಕಾರ್ಮಿಕ ಕಾನೂನು, ದೇಣಿಗೆಯ ಲೆಕ್ಕ ಬಂದಾಗ ಅವು ಹತ್ತಿರವಾಗುತ್ತವೆ. ಅಲ್ಲಿ ಬಿಜೆಪಿ–ಕಾಂಗ್ರೆಸ್ ಭೇದಕ್ಕಿಂತ ಅಧಿಕಾರದಲ್ಲಿರುವವರ ಮತ್ತು ಹೊರಗಿರುವವರ ಭೇದವೇ ದೊಡ್ಡದು.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಇದನ್ನು ಕಂಡಿದ್ದೇವೆ. ವೈಮಾನಿಕ ಉದ್ಯಮಕ್ಕಾಗಿ 13 ಹಳ್ಳಿಗಳ 1,777 ಎಕರೆಯನ್ನು ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಮೂಲಕ ವಶಪಡಿಸಿಕೊಳ್ಳಲು ಹೊರಟದ್ದು ಬಿಜೆಪಿ ಸರ್ಕಾರ. 2022ರ ಏಪ್ರಿಲ್ 4ರಂದು ರೈತರು ಧರಣಿ ಕೂತರು. ಆಗ ವಿರೋಧಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ ಅಲ್ಲಿಗೆ ಬಂದು ಬೆಂಬಲ ಸಾರಿದರು. ಅವರು ಮುಖ್ಯಮಂತ್ರಿಯಾದ ಮೇಲೂ ಭೂಸ್ವಾಧೀನದ ಪ್ರಕ್ರಿಯೆ ನಿಲ್ಲಲಿಲ್ಲ. 2025ರ ಜೂನ್‌ನಲ್ಲಿ ಪೊಲೀಸರು ಹೋರಾಟಗಾರರನ್ನು ಎಳೆದೊಯ್ದರು. 1,198 ದಿನಗಳ ಹೋರಾಟದ ನಂತರ, ಜುಲೈ 15ರಂದು, ಸರ್ಕಾರ ಯೋಜನೆ ಕೈಬಿಟ್ಟಿತು. ಅದರ ಬೆನ್ನಲ್ಲೇ ಆಂಧ್ರದ ಸಚಿವ ನಾರಾ ಲೋಕೇಶ್ ಬೆಂಗಳೂರಿನ ಹತ್ತಿರವೇ 8,000 ಎಕರೆ ಸಿದ್ಧವಿದೆ, ಇಲ್ಲಿಗೆ ಬನ್ನಿ ಎಂದು ವೈಮಾನಿಕ ಉದ್ಯಮವನ್ನು ಕರೆದರು. ಇಲ್ಲಿ ದೇಣಿಗೆಯ ಪ್ರಶ್ನೆ ಏಳಲೇ ಇಲ್ಲ. ಹೂಡಿಕೆ ಪಕ್ಕದ ರಾಜ್ಯಕ್ಕೆ ಹೋದೀತೆಂಬ ಭಯವೊಂದೇ ಸಾಕಾಗಿತ್ತು. ಆ ಭಯವನ್ನು ಮಣಿಸಿದ್ದು ಸರ್ಕಾರದ ಬದಲಾವಣೆಯಲ್ಲ, ಧರಣಿ ಕೂತವರ ಹಟ.

ಸಂಶೋಧನೆ ಇನ್ನು ರಾಜ್ಯಗಳ ಮಟ್ಟಕ್ಕೆ ಇಳಿಯಬೇಕು. ಯಾವ ಕಂಪನಿಗೆ ಯಾವ ವರ್ಷ ಯಾವ ಜಮೀನು, ಯಾವ ಟೆಂಡರು, ಅದೇ ವರ್ಷ ಯಾವ ಚುನಾವಣಾ ಟ್ರಸ್ಟಿನ ಮೂಲಕ ಯಾವ ಪಕ್ಷಕ್ಕೆ ಎಷ್ಟು ದೇಣಿಗೆ ಎಂಬುದನ್ನು ಕೂಡಿಸಿ ನೋಡಬೇಕು. ಅದಕ್ಕೆ ಪಕ್ಷಗಳ ಲೆಕ್ಕಪುಸ್ತಕ ತೆರೆಯಬೇಕು. ಬಿಜೆಪಿ, ಕಾಂಗ್ರೆಸ್, ಸಿಪಿಎಂ, ಸಿಪಿಐ, ಎನ್‌ಸಿಪಿ, ಬಿಎಸ್‌ಪಿ ಆರೂ ಮಾಹಿತಿ ಹಕ್ಕು ಕಾಯ್ದೆಯಡಿ ಸಾರ್ವಜನಿಕ ಪ್ರಾಧಿಕಾರಗಳು ಎಂದು ಕೇಂದ್ರ ಮಾಹಿತಿ ಆಯೋಗ 2013ರ ಜೂನ್ 3ರಂದೇ ಆದೇಶಿಸಿತು. ಬಾಂಡ್ ಮುಟ್ಟದ ಸಿಪಿಎಂ ಸೇರಿದಂತೆ ಆರರಲ್ಲಿ ಒಂದೂ ಅದನ್ನು ಪಾಲಿಸಲಿಲ್ಲ.