ಬಂದರಿನ ಕಂಬದಿಂದ ಊರಿನ ಅಂಗಳಕ್ಕೆ: ಚಂಡಮಾರುತ ಮುನ್ನೆಚ್ಚರಿಕೆಯ ಚರಿತ್ರೆ

ಭಾರತದಲ್ಲಿ ಚಂಡಮಾರುತದ ಮುನ್ನೆಚ್ಚರಿಕೆ ಹುಟ್ಟಿಕೊಂಡದ್ದು ದಡದ ಮೇಲೆ ಬದುಕುವವರ ಜೀವ ಉಳಿಸುವುದಕ್ಕಲ್ಲ, ಬಂದರಿನಲ್ಲಿ ಲಂಗರು ಹಾಕಿ ನಿಂತ ಹಡಗುಗಳನ್ನೂ ಅವುಗಳ ಸರಕನ್ನೂ ಕಾಪಾಡುವುದಕ್ಕೆ. ಈ ಮೂಲೋದ್ದೇಶದ ಗುರುತು ಆ ವ್ಯವಸ್ಥೆಯ ಮೇಲೆ ಸುಮಾರು ಒಂದು ಶತಮಾನ ಕಾಲ ಉಳಿದುಕೊಂಡಿತು. ಗಾಳಿಯ ದಿಕ್ಕು, ಬಿರುಗಾಳಿಯ ದೂರ, ಅದು ದಡ ದಾಟುವ ಜಾಗ ಇವೆಲ್ಲ ನಾವಿಕರಿಗೆ ತಿಳಿಯುವ ಸಂಕೇತಗಳಲ್ಲಿ ಪ್ರಕಟವಾಗುತ್ತಿದ್ದವೇ ಹೊರತು, ಕಡಲಂಚಿನ ಗುಡಿಸಲಿನಲ್ಲಿ ಮಲಗಿದ ಕುಟುಂಬ ಯಾವ ಹೊತ್ತಿಗೆ ಎದ್ದು ಎಲ್ಲಿಗೆ ಹೋಗಬೇಕೆಂಬುದನ್ನು ಹೇಳುವ ಹೊಣೆ ಯಾರದೂ ಆಗಿರಲಿಲ್ಲ.

ಬಂಗಾಳ ಕೊಲ್ಲಿಯ ಬಿರುಗಾಳಿಗಳನ್ನು ಶಾಸ್ತ್ರೀಯವಾಗಿ ಅಧ್ಯಯನ ಮಾಡಿದವರಲ್ಲಿ ಮೊದಲಿಗೆ ನಿಲ್ಲುವ ಹೆಸರು ಹೆನ್ರಿ ಪಿಡಿಂಗ್ಟನ್ ಅವರದು. ಹಡಗಿನ ಕಪ್ತಾನರಾಗಿದ್ದು ಆಮೇಲೆ ಕಲ್ಕತ್ತೆಯಲ್ಲಿ ನೆಲೆಸಿ, ಹಡಗು ದುರಂತಗಳ ವಿಚಾರಣೆ ನಡೆಸುವ ನ್ಯಾಯಮಂಡಳಿಯ ಅಧ್ಯಕ್ಷರಾದ ಅವರು, ಬಿರುಗಾಳಿಗೆ ಸಿಕ್ಕ ಹಡಗುಗಳ ದಿನಚರಿ ಪುಸ್ತಕಗಳನ್ನು ಕಲೆಹಾಕಿ, ಗಾಳಿ ಒಂದು ಕೇಂದ್ರದ ಸುತ್ತ ಸುರುಳಿಯಾಗಿ ತಿರುಗುತ್ತದೆಂಬುದನ್ನು ಒಂದೊಂದೇ ಪ್ರಕರಣದಿಂದ ವಿವರಿಸಿ ತೋರಿಸಿದರು. ಈ ಬಿರುಗಾಳಿಗಳಿಗೆ ಇಂದು ಜಗತ್ತೆಲ್ಲ ಬಳಸುವ ‘ಸೈಕ್ಲೋನ್’ ಎಂಬ ಹೆಸರು ಕೊಟ್ಟವರೂ ಅವರೇ. 1848ರಲ್ಲಿ ಪ್ರಕಟವಾದ ಅವರ ನಾವಿಕರ ಕೈಪಿಡಿಯೊಂದಿಗೆ ಪಾರದರ್ಶಕವಾದ ಕೊಂಬಿನ ತೆಳು ಹಾಳೆಗಳು ಬರುತ್ತಿದ್ದವು. ಅವುಗಳ ಮೇಲೆ ವರ್ತುಲಗಳನ್ನೂ ಗಾಳಿಯ ದಿಕ್ಕು ತೋರುವ ಬಾಣಗಳನ್ನೂ ಗೀರಲಾಗಿತ್ತು. ಕಪ್ತಾನನು ಆ ಹಾಳೆಯನ್ನು ನಕಾಶೆಯ ಮೇಲಿಟ್ಟು, ತನ್ನ ಹಡಗಿಗೆ ಬೀಸುತ್ತಿರುವ ಗಾಳಿಯ ದಿಕ್ಕಿಗೆ ಹೊಂದುವ ಬಾಣ ಸಿಗುವವರೆಗೆ ಸರಿಸಿದರೆ, ಬಿರುಗಾಳಿಯ ಕೇಂದ್ರ ಎಲ್ಲಿದೆ, ಯಾವ ಕಡೆಗೆ ಹಾಯಿ ತಿರುಗಿಸಿದರೆ ಪಾರಾಗಬಹುದು ಎಂಬುದು ಅಂದಾಜಿಗೆ ಸಿಗುತ್ತಿತ್ತು. ತಂತಿಯೂ ಉಪಗ್ರಹವೂ ಇಲ್ಲದ ಕಾಲದಲ್ಲಿ ನಡುಗಡಲಿನ ಒಬ್ಬಂಟಿ ಹಡಗಿಗೆ ಇದಕ್ಕಿಂತ ಒಳ್ಳೆಯ ಉಪಕರಣ ಇರಲಿಲ್ಲ.

ನೆಲದ ಮೇಲಿನವರಿಗಾಗಿಯೂ ಪಿಡಿಂಗ್ಟನ್ ಒಮ್ಮೆ ಎಚ್ಚರಿಕೆ ನೀಡಿದ್ದರು. ಕಲ್ಕತ್ತೆಗೆ ಪರ್ಯಾಯವಾಗಿ ಸುಂದರಬನದ ಮಾತ್ಲಾ ನದಿಯ ದಡದಲ್ಲಿ ಹೊಸ ಬಂದರು ಕಟ್ಟುವ ಯೋಜನೆ ಎದ್ದಾಗ, ಅಲ್ಲಿ ಒಂದಲ್ಲ ಒಂದು ದಿನ ಚಂಡಮಾರುತದ ಅಲೆ ನುಗ್ಗಿ ಊರನ್ನು ಕೊಚ್ಚಿಕೊಂಡು ಹೋಗುತ್ತದೆಂದು 1853ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಗೆ ಬಹಿರಂಗ ಪತ್ರ ಬರೆದರು. ಪತ್ರಕ್ಕೆ ಯಾರೂ ಕಿವಿಗೊಡಲಿಲ್ಲ. ಪೋರ್ಟ್ ಕ್ಯಾನಿಂಗ್ ಎಂಬ ಆ ಬಂದರು ಎದ್ದು ನಿಂತ ಕೆಲವೇ ವರ್ಷಗಳಲ್ಲಿ, 1867ರ ನವೆಂಬರಿನ ಬಿರುಗಾಳಿಗೆ ಸಿಕ್ಕಿ ಜಖಂಗೊಂಡು, ಬಹಳ ಕಾಲ ಹೋಗುವ ಮೊದಲೇ ಕೈಬಿಡಲ್ಪಟ್ಟಿತು. ಎಚ್ಚರಿಕೆ ಸರಿಯಾಗಿರುವುದು ಬೇರೆ, ಅದನ್ನು ಕೇಳಿಸಿಕೊಳ್ಳುವವರು ಇರುವುದು ಬೇರೆ ಎಂಬುದಕ್ಕೆ ಈ ಕಥನದಲ್ಲಿ ಸಿಗುವ ಮೊದಲ ಉದಾಹರಣೆ ಇದು.

ಸರ್ಕಾರವನ್ನು ನಿಜವಾಗಿ ಎಚ್ಚರಿಸಿದ್ದು 1864ರ ಅಕ್ಟೋಬರ್ 5ರಂದು ಕಲ್ಕತ್ತೆಗೆ ಅಪ್ಪಳಿಸಿದ ಚಂಡಮಾರುತ. ಹೂಗ್ಲಿ ನದಿಯೊಳಗೆ ನುಗ್ಗಿದ ಅಲೆಗೆ ಬಂದರಿನಲ್ಲಿದ್ದ ಸುಮಾರು ಇನ್ನೂರು ಹಡಗುಗಳಲ್ಲಿ ಬಹುಪಾಲು ಲಂಗರು ಕಿತ್ತು ಒಂದಕ್ಕೊಂದು ಬಡಿದು ಹಾನಿಗೊಂಡವು. ನದೀಮುಖದ ಹಳ್ಳಿಗಳಲ್ಲಿ ಹತ್ತಾರು ಸಾವಿರ ಜನ ಸತ್ತರು. ಮರುವರ್ಷ, ಅಂದರೆ 1865ರಲ್ಲಿ, ಕಲ್ಕತ್ತೆ ಬಂದರಿಗೆಂದೇ ಬಿರುಗಾಳಿ ಎಚ್ಚರಿಕೆಯ ವ್ಯವಸ್ಥೆ ಜಾರಿಗೆ ಬಂತು. ಇದು ಸಾಧ್ಯವಾದದ್ದು ತಂತಿಯಿಂದ. ಕಲ್ಕತ್ತೆಗೂ ಡೈಮಂಡ್ ಹಾರ್ಬರಿಗೂ ನಡುವೆ 1850ರ ಸುಮಾರಿಗೆ ಎಳೆದ ಮೊದಲ ತಂತಿ ಮಾರ್ಗ ಅಷ್ಟು ಹೊತ್ತಿಗೆ ಕರಾವಳಿಯುದ್ದಕ್ಕೂ ಬೆಳೆದಿತ್ತಾಗಿ, ಬಿರುಗಾಳಿಗಿಂತ ಮುಂದಾಗಿ ಸುದ್ದಿ ಓಡುವುದು ಮೊದಲ ಬಾರಿಗೆ ಸಾಧ್ಯವಾಯಿತು.

1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಸ್ಥಾಪನೆಯಾಗಿ, 1864ರ ದುರಂತದ ವರದಿ ಬರೆದವರಲ್ಲೊಬ್ಬರಾದ ಹೆನ್ರಿ ಬ್ಲಾನ್‌ಫರ್ಡ್ ಅದರ ಮೊದಲ ಮುಖ್ಯಸ್ಥರಾದರು. 1886ರ ಹೊತ್ತಿಗೆ ಎಲ್ಲ ಬಂದರುಗಳಿಗೂ ಎಚ್ಚರಿಕೆ ತಲುಪತೊಡಗಿತು, 1898ರಲ್ಲಿ ಸಂಕೇತಗಳು ದೇಶಕ್ಕೆಲ್ಲ ಒಂದೇ ಆದವು. ಈ ಸಂಕೇತಗಳ ಪೂರ್ಣ ಪದ್ಧತಿಯಲ್ಲಿ ಹನ್ನೊಂದು ಅಂಕಿಗಳಿವೆ. ಬಂದರಿನ ಎತ್ತರದ ಕಂಬಕ್ಕೆ ಹಗಲಿನಲ್ಲಿ ಶಂಕು ಮತ್ತು ಉರುಳೆಯಾಕಾರದ ಬುಟ್ಟಿಗಳನ್ನೂ ರಾತ್ರಿ ಕೆಂಪು, ಬಿಳಿ ದೀಪಗಳನ್ನೂ ಗೊತ್ತಾದ ಕ್ರಮದಲ್ಲಿ ಏರಿಸಿ ಆ ಅಂಕಿಯನ್ನು ತಿಳಿಸಲಾಗುತ್ತದೆ. ಒಂದು ಮತ್ತು ಎರಡು ದೂರದ ಕಡಲಿನ ಅಪಾಯವನ್ನೂ, ಮೂರು ಮತ್ತು ನಾಲ್ಕು ಬಂದರಿಗೇ ಬರಬಹುದಾದ ಕೆಟ್ಟ ಹವೆಯನ್ನೂ ಹೇಳುತ್ತವೆ. ಐದು, ಆರು, ಏಳು ಚಂಡಮಾರುತ ಬಂದರಿನ ಯಾವ ಮಗ್ಗುಲಿಗೆ ಅಥವಾ ನೇರವಾಗಿ ಬಂದರಿನ ಮೇಲೆಯೇ ಹಾಯುತ್ತದೆ ಎಂಬುದನ್ನೂ, ಎಂಟರಿಂದ ಹತ್ತು ಅದೇ ಮಾತನ್ನು ಅತ್ಯಂತ ತೀವ್ರ ಚಂಡಮಾರುತದ ವಿಷಯದಲ್ಲೂ ತಿಳಿಸುತ್ತವೆ. ಹನ್ನೊಂದನೆಯದು ಎಲ್ಲಕ್ಕಿಂತ ವಿಚಿತ್ರವಾದದ್ದು. ಎಚ್ಚರಿಕೆ ಕೊಡುವ ಕಚೇರಿಯೊಂದಿಗೆ ಸಂಪರ್ಕವೇ ಕಡಿದುಹೋಗಿದೆ, ಆದ್ದರಿಂದ ಅಪಾಯವಿದೆಯೆಂದೇ ತಿಳಿಯಬೇಕು ಎಂಬುದು ಅದರ ಅರ್ಥ. ಸುದ್ದಿ ಬಾರದಿರುವುದನ್ನೂ ಸುದ್ದಿಯೆಂದು ಎಣಿಸಿದ ಈ ಏರ್ಪಾಟು ಮೆಚ್ಚಬೇಕಾದದ್ದೇ. ಆದರೆ ಚಂಡಮಾರುತ ಎಡಕ್ಕೆ ಹಾಯುವುದೋ ಬಲಕ್ಕೆ ಹಾಯುವುದೋ ಎಂಬ ತಿಳಿವಳಿಕೆ ಹಡಗನ್ನು ತಿರುಗಿಸುವವನಿಗೆ ಬೇಕಾದದ್ದು. ಅಂಗಳಕ್ಕೆ ನೀರು ಎಷ್ಟು ಎತ್ತರ ಬರುತ್ತದೆಂದು ತಿಳಿಯಬೇಕಾದ ರೈತನಿಗೆ ಆ ಕಂಬ ಏನನ್ನೂ ಹೇಳುತ್ತಿರಲಿಲ್ಲ.

ಈ ಕೊರತೆಯ ಬೆಲೆ ಏನೆಂಬುದು ಹವಾಮಾನ ಇಲಾಖೆ ಹುಟ್ಟಿದ ಮರುವರ್ಷವೇ ಗೊತ್ತಾಯಿತು. 1876ರ ಅಕ್ಟೋಬರ್ 31ರ ರಾತ್ರಿ ಮೇಘನಾ ನದೀಮುಖದ ಬಾಕರ್‌ಗಂಜ್ ಪ್ರದೇಶದಲ್ಲಿ ಸುಮಾರು ಒಂದು ಲಕ್ಷ ಜನ ನೀರುಪಾಲಾದರು. ಆನಂತರ ಹಬ್ಬಿದ ಕಾಲರಾಕ್ಕೆ ಹೆಚ್ಚುಕಡಿಮೆ ಅಷ್ಟೇ ಜನ ಬಲಿಯಾದರು. ಇಲ್ಲಿ ಕೊಂದದ್ದು ಗಾಳಿಗಿಂತ ಹೆಚ್ಚಾಗಿ ಚಂಡಮಾರುತದ ಉಬ್ಬರ, ಅಂದರೆ ಬಿರುಗಾಳಿ ಕಡಲಿನ ನೀರನ್ನು ದಡದ ಕಡೆಗೆ ಒತ್ತಿ ರಾಶಿಯಾಗಿ ಏರಿಸುವ ಕ್ರಿಯೆ. ಬಂಗಾಳ ಕೊಲ್ಲಿಯ ಉತ್ತರ ತುದಿ ಕಿರಿದಾಗುತ್ತ ಹೋಗಿ ಅಲ್ಲಿನ ಕಡಲು ಆಳವಿಲ್ಲದ್ದಾಗಿರುವುದರಿಂದ ಈ ಉಬ್ಬರ ಅಲ್ಲಿ ಭೀಕರವಾಗುತ್ತದೆ, ಹುಣ್ಣಿಮೆ ಅಮಾವಾಸ್ಯೆಗಳ ಭರತದೊಂದಿಗೆ ಕೂಡಿದರೆ ಕೇಳುವುದೇ ಬೇಡ. ಬಾಕರ್‌ಗಂಜಿನಲ್ಲಿ ಬದುಕುಳಿದವರಲ್ಲಿ ಹಲವರು ಮನೆಯ ಸುತ್ತ ಬೆಳೆಸಿದ್ದ ಮರಗಳನ್ನು ಹತ್ತಿ ಜೀವ ಉಳಿಸಿಕೊಂಡವರು. ಆ ಕಾಲದ ನಿವಾಸಿಗೆ ಇದ್ದ ಸಿದ್ಧತೆ ಅದೊಂದೇ.

ಪಶ್ಚಿಮ ಕರಾವಳಿಯ ಸ್ಥಿತಿ ಬೇರೆಯಾಗಿತ್ತು. ಅರಬ್ಬಿ ಸಮುದ್ರದಲ್ಲಿ ಚಂಡಮಾರುತಗಳು ಕಡಿಮೆ. ಅಲ್ಲಿನ ದೊಡ್ಡ ಅಪಾಯವಾದ ಮುಂಗಾರಿನ ಪ್ರಕ್ಷುಬ್ಧ ಕಡಲು ವರ್ಷವರ್ಷವೂ ಹೇಳಿದ ಹೊತ್ತಿಗೆ ಬರುವಂಥದ್ದಾದ್ದರಿಂದ, ಅದರ ಮುನ್ನೆಚ್ಚರಿಕೆ ಪಂಚಾಂಗದಲ್ಲೂ ಮಳೆ ನಕ್ಷತ್ರಗಳ ಲೆಕ್ಕದಲ್ಲೂ ಸೇರಿಕೊಂಡುಬಿಟ್ಟಿತ್ತು. ಕರ್ನಾಟಕದ ಕರಾವಳಿಯಲ್ಲಿ ಮಳೆಗಾಲ ಹಿಡಿದೊಡನೆ ದೋಣಿಗಳು ದಡ ಸೇರಿ, ನೂಲ ಹುಣ್ಣಿಮೆಯ ಆಸುಪಾಸಿನಲ್ಲಿ ಮೊಗವೀರರು ಸಮುದ್ರಪೂಜೆ ನಡೆಸಿ ಹಾಲು, ತೆಂಗಿನಕಾಯಿ ಅರ್ಪಿಸಿದ ಮೇಲೆ ಮೀನುಗಾರಿಕೆ ಮತ್ತೆ ಆರಂಭವಾಗುವ ಸಂಪ್ರದಾಯ ಬೆಳೆದುಬಂತು. ಇಂದು ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ಇರುವ ನಿಷೇಧ ಮೀನಿನ ಸಂತಾನವೃದ್ಧಿಯ ಕಾರಣಕ್ಕೆ ಬಂದದ್ದಾದರೂ, ಹಳೆಯ ರೂಢಿಯ ಜಾಡಿನಲ್ಲೇ ಇದೆ. ಒಳನಾಡಿನ ಮೈಸೂರು ಸಂಸ್ಥಾನಕ್ಕೆ ಮಳೆ ಹೆಚ್ಚಾಗುವುದಕ್ಕಿಂತ ಮಳೆ ಬಾರದಿರುವುದೇ ದೊಡ್ಡ ಭಯವಾಗಿತ್ತು. ಕರ್ನಾಟಕದ ಪ್ರಕೃತಿ ವಿಕೋಪ ಉಸ್ತುವಾರಿ ಕೇಂದ್ರವೂ 1988ರಲ್ಲಿ ಮೊದಲು ಸ್ಥಾಪನೆಯಾದದ್ದು ಬರ ಉಸ್ತುವಾರಿ ಘಟಕವಾಗಿಯೇ.

ಪೂರ್ವ ಕರಾವಳಿಯ ಜನರಿಗೆ ಎಚ್ಚರಿಕೆ ತಲುಪದಿರುವುದಕ್ಕೆ ತಂತ್ರಜ್ಞಾನದ ಕೊರತೆಯೊಂದೇ ಕಾರಣವಲ್ಲ ಎಂಬುದಕ್ಕೆ 1942ರ ಮಿಡ್ನಾಪುರದ ದುರಂತ ಸಾಕ್ಷಿ. ಜಪಾನೀಯರ ಕೈಗೆ ಸಿಗಬಾರದೆಂದು ಸರ್ಕಾರ ಬಂಗಾಳದ ಕರಾವಳಿಯ ಸಾವಿರಾರು ದೋಣಿಗಳನ್ನು ಮೊದಲೇ ತೆಗೆಸಿಹಾಕಿತ್ತು, ಹವೆಯ ಸುದ್ದಿ ಯುದ್ಧಕಾಲದ ಗುಟ್ಟಾಗಿತ್ತು. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಆ ಜಿಲ್ಲೆ ಮುಂಚೂಣಿಯಲ್ಲಿದ್ದ ಕಾರಣ ಆಡಳಿತಕ್ಕೂ ಜನಕ್ಕೂ ನಡುವೆ ಹಗೆ ಬೆಳೆದಿತ್ತು. ಅಕ್ಟೋಬರ್ 16ರಂದು ಅಪ್ಪಳಿಸಿದ ಚಂಡಮಾರುತಕ್ಕೆ ಅಧಿಕೃತ ಲೆಕ್ಕದಲ್ಲೇ ಸುಮಾರು 14,500 ಜನ ಸತ್ತರೂ, ಪತ್ರಿಕೆಗಳಲ್ಲಿ ಆ ಸುದ್ದಿ ಬಹಳ ದಿನ ಪ್ರಕಟವಾಗದಂತೆ ತಡೆಹಿಡಿಯಲಾಯಿತು.

1970ರ ನವೆಂಬರ್ 12ರ ರಾತ್ರಿ ಆಗಿನ ಪೂರ್ವ ಪಾಕಿಸ್ತಾನದ ಭೋಲಾ ದ್ವೀಪ ಮತ್ತು ಸುತ್ತಲಿನ ಪ್ರದೇಶದಲ್ಲಿ ಮೂರರಿಂದ ಐದು ಲಕ್ಷ ಜನ ಸತ್ತ ಘಟನೆ ಇನ್ನೊಂದು ಬಗೆಯ ಪಾಠ. ಅಷ್ಟು ಹೊತ್ತಿಗೆ ಉಪಗ್ರಹಗಳಿದ್ದವು, ರೇಡಿಯೊ ಇತ್ತು, ದ್ವೀಪಗಳ ಬಹುಪಾಲು ಜನರಿಗೆ ಬಿರುಗಾಳಿ ಬರುತ್ತಿದೆಯೆಂಬುದು ಕಿವಿಗೂ ಬಿದ್ದಿತ್ತು. ಆದರೆ ಗಟ್ಟಿ ಕಟ್ಟಡ ಸೇರಿ ಆಶ್ರಯ ಪಡೆದವರು ಅತಿ ವಿರಳ. ಹಿಂದಿನ ತಿಂಗಳಷ್ಟೇ ಬಂದ ಇನ್ನೊಂದು ಚಂಡಮಾರುತ ಹೇಳಿದಷ್ಟು ತೀವ್ರವಾಗಿರಲಿಲ್ಲವಾದ್ದರಿಂದ ಎಚ್ಚರಿಕೆಯ ಮೇಲಿನ ನಂಬಿಕೆ ಸಡಿಲವಾಗಿತ್ತು. ಇಷ್ಟಕ್ಕೂ ಆ ತಗ್ಗು ದ್ವೀಪಗಳಲ್ಲಿ ಹೋಗಿ ಸೇರುವುದಕ್ಕೆ ಎತ್ತರದ ಜಾಗವೇ ಇರಲಿಲ್ಲ. ಬಾಂಗ್ಲಾದೇಶ ಹುಟ್ಟಿದ ಮೇಲೆ ಅಲ್ಲಿನ ಸರ್ಕಾರ ಮತ್ತು ರೆಡ್ ಕ್ರಾಸ್ ಸೇರಿ ಕಟ್ಟಿದ ಚಂಡಮಾರುತ ಸಿದ್ಧತಾ ಕಾರ್ಯಕ್ರಮ ಈ ಎರಡೂ ಕೊರತೆಗಳಿಗೆ ಉತ್ತರವಾಗಿತ್ತು. ಹಳ್ಳಿಹಳ್ಳಿಯಲ್ಲೂ ಆಯಾ ಊರಿನವರೇ ಸ್ವಯಂಸೇವಕರಾಗಿ, ಕೈಯಲ್ಲಿ ತಿರುಗಿಸುವ ಸೈರನ್, ಮೆಗಾಫೋನ್, ರೇಡಿಯೊ ಹಿಡಿದು ಮನೆಮನೆಗೆ ಹೋಗಿ ಹೇಳುವುದು, ಅಪಾಯ ಹೆಚ್ಚಿದಂತೆ ಕಂಬಕ್ಕೆ ಒಂದು, ಎರಡು, ಮೂರು ಬಾವುಟಗಳನ್ನು ಏರಿಸುವುದು, ಮುದುಕರನ್ನೂ ಬಸುರಿಯರನ್ನೂ ಮೊದಲು ಸಾಗಿಸುವುದು ಇದರ ಕ್ರಮ. ಜಾನುವಾರುಗಳಿಗೆಂದು ಮಣ್ಣಿನ ಎತ್ತರದ ದಿಬ್ಬಗಳನ್ನೂ ಕಟ್ಟಲಾಯಿತು. ದನ ಬಿಟ್ಟು ಬರುವುದಿಲ್ಲವೆಂದು ಹಟ ಹಿಡಿದು ಉಳಿದವರೇ ಮೊದಲು ಸಾಯುತ್ತಾರೆಂಬುದನ್ನು ಯೋಜಕರು ಅರಿತಿದ್ದರು. ಸರ್ಕಾರಿ ಕಾಗದಗಳಲ್ಲಿ ಇಂಥ ಅರಿವು ಅಪರೂಪ.

ಭಾರತದಲ್ಲಿ ಇದೇ ದಾರಿ ತುಳಿಯಲು 1977ರ ನವೆಂಬರ್ 19ರ ದುರಂತ ಪ್ರೇರಣೆಯಾಯಿತು. ಆಂಧ್ರದ ದಿವಿಸೀಮೆಯಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತಿದ್ದರು. ಅದಕ್ಕೆ ಹೋಲಿಸಬಹುದಾದ ತೀವ್ರತೆಯ ಚಂಡಮಾರುತ 1990ರ ಮೇ ತಿಂಗಳಲ್ಲಿ ಅದೇ ಕರಾವಳಿಗೆ ಬಂದಾಗ ಲಕ್ಷಾಂತರ ಜನರನ್ನು ಮೊದಲೇ ಸಾಗಿಸಿದ್ದರಿಂದ ಸಾವು ಸಾವಿರದೊಳಗೆ ನಿಂತಿತು. ಪಕ್ಕದ ಒಡಿಶಾ ಅಷ್ಟು ಸಿದ್ಧವಾಗಿರಲಿಲ್ಲ. 1999ರ ಅಕ್ಟೋಬರ್ 29ರಂದು ಪಾರಾದೀಪದ ಬಳಿ ದಡ ದಾಟಿದ ಮಹಾಚಂಡಮಾರುತಕ್ಕೆ ಅಲ್ಲಿ ಹತ್ತು ಸಾವಿರದಷ್ಟು ಜನ ಬಲಿಯಾದರು. ಅದೇ ವರ್ಷದ ಕೊನೆಗೆ ಒಡಿಶಾ ತನ್ನದೇ ವಿಪತ್ತು ನಿರ್ವಹಣಾ ಸಂಸ್ಥೆಯನ್ನು ಸ್ಥಾಪಿಸಿ, ಕಂಬಗಳ ಮೇಲೆ ನಿಂತ, ಕೆಳಗೆ ನೀರು ಹಾದುಹೋಗಲು ಬಯಲು ಬಿಟ್ಟ, ಉಳಿದ ದಿನಗಳಲ್ಲಿ ಶಾಲೆಯಾಗಿ ಬಳಕೆಯಾಗುವ ನೂರಾರು ಆಶ್ರಯ ಕಟ್ಟಡಗಳನ್ನು ಕಟ್ಟಿಸಿತು. 2013ರ ಫೈಲಿನ್ ಚಂಡಮಾರುತದ ಮುಂಚೆ ಸುಮಾರು ಹತ್ತು ಲಕ್ಷ ಜನ ಮನೆ ಬಿಟ್ಟು ಸುರಕ್ಷಿತ ಜಾಗ ಸೇರಿದ್ದರು, ಸತ್ತವರು ಐವತ್ತರೊಳಗೆ. ಗಾಳಿಯ ವೇಗ ಅಳೆಯುವ ಉಪಕರಣ ಸುಧಾರಿಸಿದ್ದೂ ನಿಜ, ಆದರೆ ಈ ವ್ಯತ್ಯಾಸವನ್ನು ತಂದದ್ದು ಮುಖ್ಯವಾಗಿ ಕಟ್ಟಡ, ರಸ್ತೆ, ಮತ್ತು ಹೇಳುವವನ ಮೇಲಿನ ನಂಬಿಕೆ.

ಹಡಗಿಗಾಗಿ ಹುಟ್ಟಿದ ವ್ಯವಸ್ಥೆ ಕಟ್ಟಕಡೆಗೆ ತಲುಪದೆ ಬಿಟ್ಟದ್ದು ಕಡಲಿನ ಮೇಲಿನ ಸಣ್ಣ ದೋಣಿಯನ್ನು ಎಂಬುದು ಇತಿಹಾಸದ ವ್ಯಂಗ್ಯ. 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಬಲಗೊಂಡಾಗ ಕೇರಳ ಮತ್ತು ಕನ್ಯಾಕುಮಾರಿಯ ಆಳಸಮುದ್ರ ಮೀನುಗಾರರು ಆಗಲೇ ದಡದಿಂದ ದೂರ ಹೋಗಿದ್ದರು. ಮೊಬೈಲ್ ಸಂಪರ್ಕಕ್ಕೆ ಸಿಗದ ಅವರಲ್ಲಿ ನೂರಾರು ಮಂದಿ ಹಿಂದಿರುಗಲಿಲ್ಲ. ನೂಲ ಹುಣ್ಣಿಮೆಯ ಪಂಚಾಂಗ ಮುಂಗಾರನ್ನು ಬಲ್ಲದು, ನವೆಂಬರಿನ ಓಖಿಯನ್ನಾಗಲಿ 2021ರ ಮೇ ತಿಂಗಳಲ್ಲಿ ಕರ್ನಾಟಕದ ಕರಾವಳಿಯಲ್ಲಿ ಮನೆ, ರಸ್ತೆಗಳನ್ನು ಕಡಲ್ಕೊರೆತಕ್ಕೆ ಒಡ್ಡಿದ ತೌಕ್ತೆಯನ್ನಾಗಲಿ ಬಲ್ಲದಲ್ಲ.

ಇಂದು ಪತ್ರಿಕೆಗಳಲ್ಲಿ ಕಾಣುವ ಹಳದಿ, ಕಿತ್ತಳೆ, ಕೆಂಪು ಅಲರ್ಟ್‌ಗಳನ್ನು ಓದುಗರು ಮಳೆಯ ಪ್ರಮಾಣದ ಸೂಚನೆಯೆಂದೇ ತಿಳಿಯುವುದುಂಟು. 24 ಗಂಟೆಗಳಲ್ಲಿ 204.4 ಮಿಲಿಮೀಟರ್ ಮೀರಿದ ಮಳೆಯನ್ನು ಹವಾಮಾನ ಇಲಾಖೆ ಅತ್ಯಂತ ಭಾರಿ ಮಳೆಯೆಂದು ವರ್ಗೀಕರಿಸುವುದು ಸರಿಯೇ, ಆದರೆ ಬಣ್ಣಗಳು ಹೇಳುವುದು ಮಾಡಬೇಕಾದ ಕೆಲಸವನ್ನು. ಹಳದಿಯೆಂದರೆ ಗಮನವಿಡಿ, ಕಿತ್ತಳೆಯೆಂದರೆ ಸಿದ್ಧರಾಗಿ, ಕೆಂಪೆಂದರೆ ಕೆಲಸಕ್ಕೆ ಇಳಿಯಿರಿ. ಆದ್ದರಿಂದ ಮನೆಯ ಸಿದ್ಧತೆ ಕಿತ್ತಳೆಯ ಹಂತದಲ್ಲೇ ಮುಗಿದಿರಬೇಕು. ಕಾಗದಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದು, ಕುಡಿಯುವ ನೀರು, ಔಷಧ, ಟಾರ್ಚ್, ಬ್ಯಾಟರಿ ರೇಡಿಯೊ ಒಂದೆಡೆ ಇಡುವುದು, ಹಾರಿಹೋಗಬಹುದಾದ ತಗಡುಗಳನ್ನು ಬಿಗಿಯುವುದು, ದನಕರುಗಳ ಹಗ್ಗ ಬಿಚ್ಚುವುದು ಆಗಬೇಕಾದ ಕೆಲಸಗಳು. ಚಂಡಮಾರುತದ ನಡುವೆ ಗಾಳಿ ಥಟ್ಟನೆ ನಿಂತು ಆಕಾಶ ತಿಳಿಯಾದರೆ ಹೊರಗೆ ಬರಬಾರದು, ಅದು ಸುರುಳಿಯ ಕಣ್ಣು, ಸ್ವಲ್ಪ ಹೊತ್ತಿನಲ್ಲೇ ಗಾಳಿ ಎದುರು ದಿಕ್ಕಿನಿಂದ ಅಷ್ಟೇ ಬಲವಾಗಿ ಬೀಸುತ್ತದೆ.

ರಾಷ್ಟ್ರೀಯ ಚಂಡಮಾರುತ ಅಪಾಯ ತಗ್ಗಿಸುವ ಯೋಜನೆಯ ಮೊದಲ ಹಂತ ಒಡಿಶಾ ಮತ್ತು ಆಂಧ್ರಕ್ಕೆ ಸೀಮಿತವಾಗಿತ್ತು. 2015ರಲ್ಲಿ ಮಂಜೂರಾದ ಎರಡನೆಯ ಹಂತದಲ್ಲಿ ಕರ್ನಾಟಕವೂ ಸೇರಿ, ಇಲ್ಲಿನ ಕರಾವಳಿಯಲ್ಲೂ ಬಹೂಪಯೋಗಿ ಆಶ್ರಯ ಕಟ್ಟಡಗಳನ್ನು ಕಟ್ಟುವ ಕೆಲಸ ಆರಂಭವಾಯಿತು. ಕಡಲಂಚಿನ ಊರುಗಳ ನಿವಾಸಿಗಳು ತಮ್ಮ ಹತ್ತಿರದ ಆಶ್ರಯ ಕಟ್ಟಡ ಯಾವುದು, ಅದರ ಬೀಗದ ಕೈ ಯಾರ ಬಳಿ ಇರುತ್ತದೆ, ನೀರು ಏರಿದಾಗ ಅಲ್ಲಿಗೆ ಹೋಗುವ ದಾರಿ ಯಾವುದು ಎಂಬುದನ್ನು ಮಳೆಗಾಲಕ್ಕೆ ಮೊದಲೇ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ ತಿಳಿದುಕೊಂಡಿರಬೇಕು.