ಇಂದು ನಗದು, ನಾಳೆ ಉದ್ರಿ

ನಮ್ಮ ಊರುಗಳ ದಿನಸಿ ಅಂಗಡಿಗಳಲ್ಲಿ ತಕ್ಕಡಿಯ ಮೇಲ್ಗಡೆ ತೂಗುವ ಒಂದು ಹಲಗೆಯನ್ನು ನೋಡದವರಿಲ್ಲ. 'ಇಂದು ನಗದು, ನಾಳೆ ಉದ್ರಿ.' ಓದಿದವರು ನಕ್ಕು ಜೇಬಿಗೆ ಕೈ ಹಾಕುತ್ತಾರೆ. ಹಲಗೆ ದಿನವೂ ಅಲ್ಲಿಯೇ ಇರುವುದರಿಂದ ಆ 'ನಾಳೆ' ಎಂದೂ ಬಾರದೆಂಬುದು ಅಂಗಡಿಯವನಿಗೂ ಗೊತ್ತು, ಗಿರಾಕಿಗೂ ಗೊತ್ತು. ಆದರೆ ಜಪಾನಿನ ಒಂದು ಅಂಗಡಿಯ ಪಾಲಿಗೆ ಆ ನಾಳೆ ನಿಜವಾಗಿಯೂ ಬಂದಿತು. ನಗದು ವ್ಯಾಪಾರದಿಂದ ತಲೆಯೆತ್ತಿ, ಹದಿನಾರು ದೇಶಗಳಲ್ಲಿ ಬಾಗಿಲು ತೆರೆದು, ಕೊನೆಗೆ ತಾನೇ ಎತ್ತಿದ ಸಾಲದ ಭಾರಕ್ಕೆ ಕುಸಿದ ಆ ಅಂಗಡಿಯ ಹೆಸರು ಯಾವೊಹಾನ್.

ಹೆಸರಿನಲ್ಲೇ ಒಂದು ಸ್ವಾರಸ್ಯವುಂಟು. ಜಪಾನೀ ಭಾಷೆಯಲ್ಲಿ ತರಕಾರಿ ಅಂಗಡಿಗೆ 'ಯಾವೊಯ' ಎನ್ನುತ್ತಾರೆ. ಅದನ್ನು ಬರೆಯುವ ಚಿಹ್ನೆಗಳನ್ನು ಬಿಡಿಸಿ ಓದಿದರೆ 'ಎಂಟುನೂರರ ಅಂಗಡಿ' ಎಂದಾಗುತ್ತದೆ. ನಾವು 'ನೂರೆಂಟು' ಎಂದಾಗ ಯಾರೂ ಎಣಿಸಲು ಕೂಡುವುದಿಲ್ಲವಷ್ಟೆ. ಅವರ ಎಂಟುನೂರೂ ಹಾಗೆಯೇ. ಒದವಾರಾ ಎಂಬ ಊರಿನ ಹಾನ್‌ಜಿರೋ ಎಂಬ ವರ್ತಕ ಆ ಎಂಟುನೂರಕ್ಕೆ ತನ್ನ ಹೆಸರಿನ ಮೊದಲ ಭಾಗವನ್ನು ಜೋಡಿಸಿ ಅಂಗಡಿಗೆ ಯಾವೊಹಾನ್ ಎಂದು ಹೆಸರಿಟ್ಟನು. ಆತನ ಮಗಳು ಕಾತ್ಸು. ಆಕೆಯೂ ಆಕೆಯ ಪತಿ ರಿಯೋಹೇ ವಾದಾನೂ 1930ರಲ್ಲಿ ಅತಾಮಿಯಲ್ಲಿ ಅದೇ ಹೆಸರಿನ ಪುಟ್ಟ ಅಂಗಡಿಯೊಂದನ್ನು ತೆರೆದರು.

ಅತಾಮಿ ಟೋಕಿಯೋ ನಗರದ ನೈಋತ್ಯಕ್ಕಿರುವ ಕಡಲತಡಿಯ ಊರು. ಬೆಟ್ಟ ನೇರವಾಗಿ ಸಮುದ್ರಕ್ಕೆ ಇಳಿಯುತ್ತದೆ. ನೆಲದಿಂದ ಬಿಸಿನೀರಿನ ಬುಗ್ಗೆಗಳು ಏಳುತ್ತವೆ. ಆ ನೀರಿನಲ್ಲಿ ಮೀಯಲು ಬರುವ ಪಟ್ಟಣಿಗರಿಗಾಗಿ ಊರಿನ ತುಂಬ ವಸತಿಗೃಹಗಳು. ಅವುಗಳಿಗೆ ಹಣ್ಣು, ತರಕಾರಿ ಒದಗಿಸುವುದು ವಾದಾ ದಂಪತಿಗಳ ಕಸುಬು. ಗಂಡಹೆಂಡಿರು ಬೆವರು ಸುರಿಸಿ ಇಪ್ಪತ್ತು ವರ್ಷ ಕಟ್ಟಿದ ಅಂಗಡಿ ಒಂದೇ ದಿನದಲ್ಲಿ ಬೂದಿಯಾಯಿತು. 1950ರ ಏಪ್ರಿಲ್ 13ರಂದು ಅತಾಮಿಯಲ್ಲಿ ಎದ್ದ ದೊಡ್ಡ ಬೆಂಕಿ ಊರಿನ ಸಾವಿರದಷ್ಟು ಕಟ್ಟಡಗಳನ್ನು ನುಂಗಿತು. ಯಾವೊಹಾನ್ ಅದರಲ್ಲಿ ಒಂದು. ಹಿರಿಯ ಮಗ ಕಜುವೊ ಆಗ ಇಪ್ಪತ್ತೊಂದು ವರ್ಷದ ಕಾಲೇಜು ವಿದ್ಯಾರ್ಥಿ.

ಬೆಂಕಿಯ ಅನಂತರ ಅಂಗಡಿ ಮತ್ತೆ ಎದ್ದಿತು. ಆದರೆ ಆ ಮನೆತನದ ಭಾಗ್ಯ ತಿರುಗಿದ್ದು ಅದಾದ ಕೆಲವು ವರ್ಷಗಳ ಮೇಲೆ, 1950ರ ದಶಕದ ನಡುವೆ, ಅವರು ಕೈಗೊಂಡ ಒಂದು ತೀರ್ಮಾನದಿಂದ. ಇನ್ನು ಮೇಲೆ ಉದ್ರಿ ಇಲ್ಲ. ಎಲ್ಲ ಸರಕಿಗೂ ಒಂದೇ ಬೆಲೆಯ ಚೀಟಿ. ಕೈಯಲ್ಲಿ ಹಣ ಕೊಟ್ಟವರಿಗೆ ಕಡಿಮೆ ದರ.

ಇದರಲ್ಲೇನು ಹೆಚ್ಚುಗಾರಿಕೆ ಎಂದು ಓದುಗರು ಕೇಳಬಹುದು. ಉದ್ರಿಯ ಲೆಕ್ಕ ಬಲ್ಲವರಿಗೆ ಅದರ ಬೆಲೆ ತಿಳಿಯುತ್ತದೆ. ಉದ್ರಿ ಕೊಡುವ ವರ್ತಕ ತನ್ನ ಹಣ ತಿಂಗಳುಗಟ್ಟಲೆ ನಿಂತುಹೋಗುವ ನಷ್ಟವನ್ನೂ, ಎಂದೂ ಹಿಂದಿರುಗದ ಬಾಕಿಯನ್ನೂ ಸರಕಿನ ಬೆಲೆಗೇ ಸೇರಿಸಬೇಕಾಗುತ್ತದೆ. ಹೀಗಾಗಿ ನೆಟ್ಟಗೆ ಹಣ ಕೊಡುವ ಬಡವ, ಬಾಕಿ ಉಳಿಸುವ ದೊಡ್ಡವರ ಸಾಲವನ್ನು ತನಗರಿವಿಲ್ಲದೆ ತೀರಿಸುತ್ತಿರುತ್ತಾನೆ. ಉದ್ರಿ ನಿಂತರೆ ಬೆಲೆ ಇಳಿಯುತ್ತದೆ. ಬೆಲೆ ಇಳಿದರೆ ಜನ ಬರುತ್ತಾರೆ. ಇದು ಜಪಾನಿಗೆ ಹೊಸದೂ ಅಲ್ಲ. 1673ರಲ್ಲಿಯೇ ಮಿತ್ಸುಯಿ ತಕಾತೋಶಿ ಎಂಬಾತ ಎದೊ ನಗರದಲ್ಲಿ, ಎಂದರೆ ಇಂದಿನ ಟೋಕಿಯೋದಲ್ಲಿ, ಜವಳಿ ಅಂಗಡಿ ತೆರೆದು 'ನಗದು ಮಾತ್ರ, ಏರಿಸಿ ಹೇಳುವ ಬೆಲೆಯಿಲ್ಲ' ಎಂಬ ನಿಯಮವನ್ನು ಸಾರಿದ್ದನು. ಮುಂದೆ ಮಿತ್ಸುಕೋಶಿ ಎಂದು ಹೆಸರಾದ ಆ ಅಂಗಡಿಯೇ 1904ರಲ್ಲಿ ತಾನು ಎಲ್ಲ ಸರಕನ್ನೂ ವಿಭಾಗ ವಿಭಾಗವಾಗಿ ಮಾರುವ ದೊಡ್ಡ ಮಳಿಗೆಯೆಂದು ಘೋಷಿಸಿಕೊಂಡಿತು. ಅತಾಮಿಯ ತರಕಾರಿಯವರು ಹಿಡಿದದ್ದು ಆ ಹಳೆಯ ದಾರಿಯನ್ನೇ.

ತಾಯಿಮಕ್ಕಳಿಗೆ ಇನ್ನೊಂದು ಆಸರೆಯೂ ಇದ್ದಿತು. 1930ರಲ್ಲಿಯೇ ತನಿಗುಚಿ ಮಸಾಹಾರು ಸ್ಥಾಪಿಸಿದ 'ಸೇಚೋ ನೋ ಇಯೆ' ಎಂಬ ಹೊಸ ಮತದಲ್ಲಿ ಕಾತ್ಸುವಿಗೆ ಗಾಢವಾದ ಶ್ರದ್ಧೆ. ಮನಸ್ಸಿನಲ್ಲಿ ಒಳಿತನ್ನೇ ನೆನೆದರೆ ಬದುಕಿನಲ್ಲಿಯೂ ಒಳಿತೇ ಬರುತ್ತದೆಂಬುದು ಅದರ ಬೋಧೆಯ ಸಾರ. ಕಂಪನಿಯ ನೌಕರರಿಗೂ ಆ ಬೋಧೆಯ ತರಬೇತಿ ನಡೆಯುತ್ತಿತ್ತು. ಕಷ್ಟದಲ್ಲಿ ಎದೆಗುಂದದಿರುವ ಶಕ್ತಿಯನ್ನು ಈ ನಂಬಿಕೆ ಕೊಟ್ಟಿತು. ಅಪಾಯವನ್ನು ಅಪಾಯವೆಂದು ಕಾಣಲೊಲ್ಲದ ಸ್ವಭಾವವನ್ನೂ ಕೊಟ್ಟಿತೋ ಏನೋ.

1962ರಲ್ಲಿ ಕಜುವೊ ಕಂಪನಿಯ ಅಧ್ಯಕ್ಷನಾದನು. ಜಪಾನಿನ ದೊಡ್ಡ ನಗರಗಳಲ್ಲಿ ಆಗ ದೈತ್ಯ ಮಳಿಗೆಗಳು ತಲೆಯೆತ್ತುತ್ತಿದ್ದವು. ಅವುಗಳ ಜತೆ ತವರಿನಲ್ಲಿ ಸೆಣಸಿ ಗೆಲ್ಲುವುದು ಶಿಜುವೋಕಾ ಪ್ರಾಂತದ ಒಂದು ಸಣ್ಣ ಕಂಪನಿಗೆ ಆಗದ ಮಾತು. ದೊಡ್ಡವರು ಕಾಲಿಡದ ಕಡೆಗೆ ಹೋಗಬೇಕು. ಅಂಥ ಕಡೆ ಇದ್ದದ್ದು ಹೊರದೇಶದಲ್ಲಿ. 1971ರಲ್ಲಿ ಯಾವೊಹಾನ್ ಭೂಗೋಳದ ಆಚೆ ಬದಿಗೆ ಹಾರಿ ಬ್ರೆಜಿಲ್ ದೇಶದ ಸಾವೊ ಪಾಲೊ ನಗರದಲ್ಲಿ ಅಂಗಡಿ ತೆರೆಯಿತು. ಆ ನಾಡಿಗೆ 1908ರಿಂದ ಜಪಾನೀಯರು ವಲಸೆ ಹೋಗಿ ನೆಲೆಸಿದ್ದುದರಿಂದ ಗಿರಾಕಿಗಳಿಗೆ ಕೊರತೆಯಿರಲಿಲ್ಲ. ಆದರೆ 1973ರಲ್ಲಿ ಎಣ್ಣೆಯ ಬೆಲೆ ಏರಿ, ಅಲ್ಲಿನ ಹಣದ ಬೆಲೆ ಇಳಿಯತೊಡಗಿತು. ಸಾಲ ಮಾಡಿ ಕಟ್ಟಿದ ಅಂಗಡಿಗಳು ಬಡ್ಡಿಯ ಬಾಯಿಗೆ ಬಿದ್ದವು. ಮೊದಲ ಸಾಹಸ ಸೋಲಿನಲ್ಲಿ ಮುಗಿಯಿತು. ಇದನ್ನು ನೆನಪಿನಲ್ಲಿಡಬೇಕು, ಮುಂದೆ ನಡೆದುದೆಲ್ಲ ಇದರ ಹಿಗ್ಗಿಸಿದ ಪ್ರತಿ.

ಎರಡನೆಯ ಹೆಜ್ಜೆ ಚೆನ್ನಾಗಿಯೇ ಬಿದ್ದಿತು. 1974ರಲ್ಲಿ ಸಿಂಗಪುರದ ಆರ್ಚರ್ಡ್ ರಸ್ತೆಯ ಪ್ಲಾಜಾ ಸಿಂಗಪುರ ಕಟ್ಟಡದಲ್ಲಿ ಯಾವೊಹಾನ್ ಬಾಗಿಲು ತೆರೆಯಿತು. 1942ರಿಂದ 1945ರವರೆಗೆ ಜಪಾನೀ ಸೇನೆಯ ಕೈಕೆಳಗೆ ನರಳಿದ್ದ ಊರು ಅದು. ಮಕ್ಕಳನ್ನು, ಒಡಹುಟ್ಟಿದವರನ್ನು ಕಳೆದುಕೊಂಡವರು ಇನ್ನೂ ಬದುಕಿದ್ದರು. ಅಂಥಲ್ಲಿ ಜಪಾನೀ ಅಂಗಡಿಯೊಂದು ಮನೆಮಾತಾದುದು ಹೇಗೆ? ಒಂದೇ ಸೂರಿನಡಿ ತರಕಾರಿಯಿಂದ ಬಟ್ಟೆಯವರೆಗೆ ಎಲ್ಲವೂ ಸಿಕ್ಕುತ್ತಿತ್ತು. ಬೆಲೆ ಮಧ್ಯಮ ವರ್ಗಕ್ಕೆ ಎಟುಕುವಂತಿತ್ತು. ಸಿಹಿ ಹೂರಣ ತುಂಬಿದ 'ಆನ್‌ಪಾನ್' ಎಂಬ ಬನ್ನು ಒಲೆಯಿಂದ ಬಿಸಿಬಿಸಿಯಾಗಿ ಬರುವುದನ್ನು ಕಾಯುತ್ತ ಜನ ಸಾಲುಗಟ್ಟಿ ನಿಲ್ಲುತ್ತಿದ್ದರು. ಆ ಕಾಲದಲ್ಲಿ ಬೆಳೆದ ಸಿಂಗಪುರದವರು ಆ ಬನ್ನನ್ನು ಇಂದಿಗೂ ನೆನೆಯುತ್ತಾರೆ. ಹಗೆಯ ನೆನಪನ್ನು ಒಂದು ಬನ್ನು ಅಳಿಸಲಾರದು, ನಿಜ. ಆದರೆ ಹೊಸ ತಲೆಮಾರಿಗೆ ಬೇರೊಂದು ನೆನಪನ್ನು ಅದು ಕೊಟ್ಟಿತು.

ಮೂರನೆಯದು ಹಾಂಗ್‌ಕಾಂಗ್. ಅಲ್ಲಿ 1960ರಿಂದಲೇ ಜಪಾನಿನ ಹೆಸರಾಂತ ಮಳಿಗೆಗಳಿದ್ದವು; ಅವು ಪ್ರವಾಸಿಗಳೂ ಹಣವಂತರೂ ಓಡಾಡುವ ನಗರಮಧ್ಯದಲ್ಲಿದ್ದವು. ಯಾವೊಹಾನ್ 1984ರ ಕೊನೆಯಲ್ಲಿ ಹೋಗಿ ಕೂತದ್ದು ಶಾ ತಿನ್ ಎಂಬ ಹೊಸ ಬಡಾವಣೆಯಲ್ಲಿ, ಸರ್ಕಾರ ಕಟ್ಟಿಸಿಕೊಟ್ಟ ಎತ್ತರದ ವಸತಿಗಳಲ್ಲಿ ಬಾಳುವ ಸಂಸಾರಸ್ಥರ ನಡುವೆ. ಕಾಲವೂ ವಿಚಿತ್ರವಾಗಿತ್ತು. ಹಾಂಗ್‌ಕಾಂಗನ್ನು 1997ರಲ್ಲಿ ಚೀಣಕ್ಕೆ ಒಪ್ಪಿಸುವ ಒಪ್ಪಂದಕ್ಕೆ ಬ್ರಿಟನ್ ಸಹಿ ಹಾಕಿದ್ದೂ ಅದೇ ಡಿಸೆಂಬರಿನಲ್ಲಿ. ಇತರರು ಹಿಂಜರಿಯುತ್ತಿದ್ದಾಗ ಯಾವೊಹಾನ್ ಮುಂದೆ ನಡೆದು ಗೆದ್ದಿತು. 1989ರ ಜೂನ್ ತಿಂಗಳಲ್ಲಿ ಬೀಜಿಂಗಿನಲ್ಲಿ ಗುಂಡು ಹಾರಿದ ಮೇಲೆ ಹಾಂಗ್‌ಕಾಂಗಿನಿಂದ ಹಣವೂ ಜನವೂ ಹೊರಕ್ಕೆ ಹರಿಯುತ್ತಿದ್ದಾಗ, 1990ರಲ್ಲಿ, ಕಜುವೊ ವಾದಾ ತನ್ನ ಕಂಪನಿಯ ಕೇಂದ್ರವನ್ನೇ ಅಲ್ಲಿಗೆ ಸಾಗಿಸಿದನು. ತಾನೂ ಸಂಸಾರವನ್ನು ಅಲ್ಲಿಗೇ ಕರೆದೊಯ್ದನು. ಊರು ಬಿಡುವ ಹೊತ್ತಿನಲ್ಲಿ ಊರಿಗೆ ಬಂದವನನ್ನು ಆ ಊರು ಆದರಿಸದಿದ್ದೀತೆ?

ಇನ್ನು ತಡೆಯೆಂಬುದಿರಲಿಲ್ಲ. ಅಮೆರಿಕ, ಕೆನಡಾ, ಲಂಡನ್, ಮಲೇಷಿಯ, ಥೈಲೆಂಡ್, ಮಕಾವ್, ಚೀಣ. 1995ರ ಡಿಸೆಂಬರ್ 20ರಂದು ಶಾಂಘೈ ನಗರದ ಪುಡಾಂಗ್ ಭಾಗದಲ್ಲಿ ಏಷ್ಯಾದಲ್ಲೇ ಅತಿ ದೊಡ್ಡದೆನಿಸಿದ ಮಳಿಗೆ ತೆರೆದಾಗ ಮೊದಲ ದಿನವೇ ಹತ್ತು ಲಕ್ಷಕ್ಕೂ ಹೆಚ್ಚು ಜನ ಅದರೊಳಗೆ ಹಾದುಹೋದರು. ಚೀಣದಲ್ಲಿ ಸಾವಿರ ಅಂಗಡಿ ತೆರೆಯುವುದಾಗಿ ವಾದಾ ಸಾರಿದ್ದನು. ಆದರೆ ನೋಡಲು ಬಂದವರೆಲ್ಲ ಕೊಳ್ಳಲು ಬಂದವರಲ್ಲ. ಪುಡಾಂಗ್ ಆಗಿನ್ನೂ ಅರ್ಧ ಕಟ್ಟಿದ ಊರು. ಜನರ ಕೈಯಲ್ಲಿ ಕುತೂಹಲವಿದ್ದಷ್ಟು ಹಣವಿರಲಿಲ್ಲ.

ಇಷ್ಟಕ್ಕೆಲ್ಲ ಬಂಡವಾಳ ಎಲ್ಲಿಂದ ಬಂದಿತು? ಇಲ್ಲಿದೆ ಈ ಕಥೆಯ ಗಂಟು. 1980ರ ದಶಕದ ಕೊನೆಯಲ್ಲಿ ಜಪಾನಿನ ಷೇರುಗಳ ಬೆಲೆ ಆಕಾಶಕ್ಕೇರುತ್ತಿತ್ತು. ಕಂಪನಿಗಳು ಜನರಿಂದ ಒಂದು ಬಗೆಯ ಸಾಲಪತ್ರದ ಮೂಲಕ ಹಣ ಎತ್ತುತ್ತಿದ್ದವು. ಪತ್ರ ಕೊಂಡವನು ಮುಂದೆ ಬೇಕಾದರೆ ಅದನ್ನು ಷೇರಾಗಿ ಬದಲಾಯಿಸಿಕೊಳ್ಳಬಹುದು. ಆ ಆಸೆಯಿಂದ ಕಡಿಮೆ ಬಡ್ಡಿಗೂ ಒಪ್ಪುತ್ತಾನೆ. ಷೇರಿನ ಬೆಲೆ ಏರುತ್ತಿದ್ದರೆ ಎಲ್ಲರೂ ಬದಲಾಯಿಸಿಕೊಳ್ಳುತ್ತಾರೆ, ಕಂಪನಿ ಸಾಲವನ್ನು ತೀರಿಸಬೇಕಾಗಿಯೇ ಇಲ್ಲ. ಬೆಲೆ ಬಿದ್ದರೆ ಯಾರೂ ಬದಲಾಯಿಸಿಕೊಳ್ಳುವುದಿಲ್ಲ. ಗಡುವು ಬಂದಾಗ ಅಷ್ಟನ್ನೂ ನಗದಾಗಿ ಎಣಿಸಿ ಕೊಡಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ನಮ್ಮ ಗಾದೆ. ಕಾಲು ಚಾಚಿದಂತೆ ಹಾಸಿಗೆಯೂ ಬೆಳೆಯುತ್ತದೆಂದು ನಂಬಿದ್ದ ಕಾಲ ಅದು. 1990ರಿಂದ ಜಪಾನಿನ ಷೇರುಪೇಟೆ ಕುಸಿಯತೊಡಗಿತು. ಗಡುವುಗಳು ಮಾತ್ರ ಒಂದೊಂದಾಗಿ ಹತ್ತಿರ ಬರುತ್ತಿದ್ದವು.

ಹೊರದೇಶದ ಅಂಗಡಿಗಳನ್ನು ಕಟ್ಟುವ ಭರದಲ್ಲಿ ತವರಿನ ಅಂಗಡಿಗಳು ಸೊರಗಿದ್ದವು. ಕೊನೆಗೆ ಅವುಗಳಲ್ಲಿ ಕೆಲವನ್ನು ಮಾರಿದರೂ ಸಾಲಲಿಲ್ಲ. 1997ರ ಸೆಪ್ಟೆಂಬರ್ 18ರಂದು ಯಾವೊಹಾನ್ ಜಪಾನ್ ಕಂಪನಿ ದಿವಾಳಿಯಾಗಿ ಕೋರ್ಟಿನ ಮೊರೆಹೊಕ್ಕಿತು. ಸಾಲದ ಮೊತ್ತ ಸುಮಾರು 16,000 ಕೋಟಿ ಯೆನ್. ಚಿಲ್ಲರೆ ವ್ಯಾಪಾರದಲ್ಲಿ ಯುದ್ಧಾನಂತರದ ಜಪಾನು ಅಲ್ಲಿಯವರೆಗೆ ಕಂಡ ಅತಿ ದೊಡ್ಡ ದಿವಾಳಿ. ಲೆಕ್ಕಪತ್ರಗಳಲ್ಲಿ ಇಲ್ಲದ ಲಾಭವನ್ನು ತೋರಿಸಿದ್ದ ಸಂಗತಿಯೂ ಅನಂತರ ಹೊರಬಿದ್ದಿತು. ನವೆಂಬರಿನಲ್ಲಿ ಹಾಂಗ್‌ಕಾಂಗಿನ ಅಂಗಡಿಗಳು ಮುಚ್ಚಿದವು. ಎರಡು ಸಾವಿರಕ್ಕೂ ಹೆಚ್ಚು ನೌಕರರು ಬೀದಿಗೆ ಬಿದ್ದರು. ಉದ್ರಿಯ ಕಟ್ಟಕಡೆಯ ಬಾಕಿಯನ್ನು ತೀರಿಸುವವರು ಬಹುಮಟ್ಟಿಗೆ ಅದನ್ನು ಮಾಡದವರೇ.

ಇಲ್ಲಿ ಒಂದು ಕಾಕತಾಳೀಯವನ್ನು ಹೇಳದಿರಲಾರೆ. 1983-84ರಲ್ಲಿ ಜಪಾನಿನ ರಾಷ್ಟ್ರೀಯ ಟೆಲಿವಿಷನ್ನಿನಲ್ಲಿ ಬಂದ 'ಓಶಿನ್' ಎಂಬ ಧಾರಾವಾಹಿ ಅನೇಕ ದೇಶಗಳನ್ನು ಅಳಿಸಿತು. ಬಡತನದಲ್ಲಿ ಹುಟ್ಟಿ, ಅಂಗಡಿ ಕಟ್ಟಿ, ಮುಪ್ಪಿನಲ್ಲಿ ಮಳಿಗೆಗಳ ಒಡತಿಯಾದ ಹೆಂಗಸಿನ ಕಥೆ. ಕಾತ್ಸು ವಾದಾಳ ಬಾಳೂ ಅದಕ್ಕೊಂದು ಮಾದರಿಯೆಂದು ಹೇಳುವುದುಂಟು. ಆ ಕಥೆ ಆರಂಭವಾಗುವುದು ಹದಿನೇಳನೆಯ ಅಂಗಡಿಯ ಪ್ರಾರಂಭೋತ್ಸವದ ದಿನ ಮುದುಕಿ ಮನೆ ಬಿಟ್ಟು ಹೊರಟುಹೋಗುವುದರಿಂದ. ಮಗನ ವಿಸ್ತರಣೆಯ ಹುಚ್ಚು ಕೊನೆಗೆ ಆ ವ್ಯಾಪಾರವನ್ನು ಮುಳುಗುವ ಅಂಚಿಗೆ ತರುತ್ತದೆ. ಬದುಕು ಕಥೆಯನ್ನು ಅನುಸರಿಸಿದುದು ಹದಿಮೂರು ವರ್ಷ ತಡವಾಗಿ. ಕಾತ್ಸು ಅದನ್ನು ನೋಡಲಿಲ್ಲ. ಆಕೆ 1993ರಲ್ಲಿಯೇ ತೀರಿಕೊಂಡಿದ್ದಳು.

ಕಜುವೊ ವಾದಾ ತನ್ನ ಆಸ್ತಿಯನ್ನೆಲ್ಲ ಬಿಟ್ಟುಕೊಟ್ಟು, ಹಾಂಗ್‌ಕಾಂಗಿನ ಶಿಖರದ ಮೇಲಿನ ಬಂಗಲೆಯಿಂದ ಬಾಡಿಗೆಯ ಮನೆಗೆ ಇಳಿದನು. ತಪ್ಪು ತನ್ನದೆಂದು ಒಪ್ಪಿಕೊಂಡು, ತನ್ನ ಸೋಲನ್ನೇ ಪಾಠವಾಗಿ ಬರೆದು, ಹೊಸದಾಗಿ ಉದ್ಯಮ ಹೂಡುವ ತರುಣರಿಗೆ ಬುದ್ಧಿ ಹೇಳುತ್ತ, 2019ರಲ್ಲಿ ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡನು. ಜಪಾನಿನಲ್ಲಿ ಉಳಿದ ಅಂಗಡಿಗಳು ಬೇರೆ ಕಂಪನಿಯ ಕೈಸೇರಿ 2002ರಲ್ಲಿ ಹೆಸರನ್ನೂ ಬದಲಾಯಿಸಿಕೊಂಡವು. ಹೆಸರು ಉಳಿದದ್ದು ಹೊರನಾಡಿನಲ್ಲಿ. ಶಾಂಘೈಯ ಮಳಿಗೆಯನ್ನು ಚೀಣದವರು ಅದೇ ಹೆಸರಿನಲ್ಲಿ ನಡೆಸಿಕೊಂಡು ಬಂದರು. ಮಕಾವಿನಲ್ಲಿ ಅದು 'ಹೊಸ ಯಾವೊಹಾನ್' ಆಯಿತು. ಒದವಾರಾದ ತರಕಾರಿ ವರ್ತಕನ ಹೆಸರನ್ನು ಅವನೆಂದೂ ನೋಡದ ಊರುಗಳು ಕಾಪಾಡಿದವು.

ಈತನನ್ನು ದುರಾಸೆಯವನೆಂದು ತಳ್ಳಿಹಾಕುವುದು ಸುಲಭ. ನನಗೆ ಹಾಗೆ ತೋರುವುದಿಲ್ಲ. ಇತರರು ಅಂಜಿದ ಕಡೆ ಹೋಗಿ, ಸಾಮಾನ್ಯರ ನಡುವೆ ಅಂಗಡಿ ಹೂಡಿ ಗೆದ್ದ ಧೈರ್ಯ ದೊಡ್ಡದು. ಉದ್ರಿಯೊಳಗೆ ಅಡಗಿರುವ ಬೆಲೆ ಎಷ್ಟೆಂಬುದನ್ನು ಅತಾಮಿಯ ತರಕಾರಿ ಅಂಗಡಿ ಅವನಿಗೆ ಹರೆಯದಲ್ಲೇ ಕಲಿಸಿತ್ತು. ಗಿರಾಕಿಗೆ ಉದ್ರಿ ಕೊಡಬಾರದೆಂಬ ಪಾಠವನ್ನು ಅವನು ಎಂದೂ ಮರೆಯಲಿಲ್ಲ. ತಾನೂ ಯಾರಿಗೋ ಒಬ್ಬ ಗಿರಾಕಿ ಎಂಬುದನ್ನು ಮರೆತನು. ತಕ್ಕಡಿಯ ಮೇಲಿನ ಹಲಗೆ ತೂಗುವುದು ಗಿರಾಕಿಯ ಕಡೆಗೆ ಮುಖ ಮಾಡಿ. ಒಳಗೆ ಕೂತ ಯಜಮಾನನಿಗೆ ಕಾಣುವುದು ಅದರ ಬರಿಯ ಬೆನ್ನು.